ಮುಂದಿನ ಸೀಟಿನ ಮಾವ

ದೊಡ್ಡಬಳ್ಳಾಪುರದಿಂದ ಧರ್ಮಸ್ಥಳಕ್ಕೆ ಸುಮಾರು 300 ಕಿಲೋಮೀಟರ್. ದಾರಿ ಮೊಬೈಲಿಗೆ ಗೊತ್ತು, ಗಾಡಿ ಓಡಿಸುವುದು ಭಾವನಿಗೆ ಗೊತ್ತು, ಚಿತ್ರಾನ್ನದ ಡಬ್ಬಿ ಯಾವ ಬ್ಯಾಗಿನ ತಳದಲ್ಲಿದೆ ಅನ್ನುವುದು ಅಕ್ಕನಿಗೆ ಗೊತ್ತು. ಇಷ್ಟೆಲ್ಲ ಗೊತ್ತಿರುವವರ ನಡುವೆ ಯಾವ ಕೆಲಸವೂ ಇಲ್ಲದ ಒಬ್ಬರು ಎಲ್ಲರಿಗಿಂತ ಮೊದಲು ಬಂದು ಮುಂದಿನ ಎಡಗಡೆ ಸೀಟು ಹಿಡಿದಿರುತ್ತಾರೆ. ಅವರೇ ಮಕ್ಕಳ ಸೋದರಮಾವ. "ಮಕ್ಳನ್ನ ನಂಗ್ ಬಿಡಿ, ಅಲ್ಲಿಗೆ ಹೋಗೋಗಂಟ ಒಬ್ರೂ ತರಲೆ ಮಾಡಲ್ಲ" ಎಂದು ಮಾತು ಕೊಟ್ಟು ಗಿಟ್ಟಿಸಿಕೊಂಡ ಸೀಟು ಅದು.

ಮಾವನ ದನಿ ದೊಡ್ಡದು. ಮನೆಯ ಕೆಳಗಡೆ ಪವರ್‌ಲೂಮ್‌ಗಳು. ಆ ಸದ್ದಿನ ಮೇಲೆ ಕೂಗಿ ಮಾತಾಡಿಯೇ ಬೆಳೆದ ಗಂಟಲು. ಕಾರಿನ ಗಾಜು ಏರಿಸಿ ಎಸಿ ಹಾಕಿದ ಮೇಲೂ ಮಗ್ಗ ಓಡುತ್ತಲೇ ಇದೆ ಅನ್ನುವ ಲೆಕ್ಕದಲ್ಲೇ ಅವರ ಮಾತು. ಹಿಂದಿನ ಸೀಟಿನ ಕೊನೆಯಲ್ಲಿ ತೂಕಡಿಸುತ್ತಿರುವ ಅಜ್ಜಿಗೂ ಕಾರ್ಯಕ್ರಮದಿಂದ ಬಿಡುಗಡೆಯಿಲ್ಲ.

ಮಧುರೆ ಶನಿಮಹಾತ್ಮನಿಗೆ ಕಾರೊಳಗಿಂದಲೇ ಕೈ ಮುಗಿಯುವಷ್ಟರಲ್ಲಿ ಮೊದಲ ಪ್ರಶ್ನೆ ಹಿಂದಿನಿಂದ ಬರುತ್ತದೆ: "ಮಾವ, ಇನ್ನೂ ಎಷ್ಟು ದೂರ?" ಅನುಭವಸ್ಥ ಮಾವ ಯಾವತ್ತೂ ನಿಜ ಹೇಳುವುದಿಲ್ಲ. "ಕಲ್ಲು ನೋಡ್ಕೊಂಡು ಬನ್ರಪ್ಪ. ಮೈಲಿಗಲ್ಲಿನ ತಲೆ ಹಸಿರಾಗಿದ್ರೆ ರಾಜ್ಯ ಹೆದ್ದಾರಿ, ಹಳದಿಯಾಗಿದ್ರೆ ರಾಷ್ಟ್ರೀಯ ಹೆದ್ದಾರಿ. ಹಳದಿ ಮೊದಲು ಯಾರಿಗೆ ಕಾಣುತ್ತೋ ಅವ್ರಿಗೆ ಕೊಬ್ಬರಿ ಮಿಠಾಯಿ." ನೆಲಮಂಗಲದವರೆಗೆ ಮೂರು ಮೂಗುಗಳು ಕಿಟಕಿಗೆ ಅಂಟಿಕೊಳ್ಳುತ್ತವೆ. ಮಿಠಾಯಿ ಮಾತ್ರ ಒಂದೇ ಒಂದು ಇತ್ತು, ಅದನ್ನು ಮಾವ ಮನೆ ಬಿಡುವಾಗಲೇ ತಿಂದಿದ್ದರು ಅನ್ನುವುದು ಆಮೇಲೆ ತಿಳಿಯುತ್ತದೆ.

ಜಿಲ್ಲೆಯ ಒಂದೊಂದು ರಸ್ತೆಗೂ ಮಾವನ ಹತ್ತಿರ ಒಂದೊಂದು ಐಟಂ ಉಂಟು. ತುಮಕೂರು ರಸ್ತೆಗೆ ಶಿವಗಂಗೆ ಬೆಟ್ಟ. ಒಂದು ದಿಕ್ಕಿನಿಂದ ನೋಡಿದರೆ ನಂದಿ, ಇನ್ನೊಂದರಿಂದ ಗಣಪತಿ, ಮತ್ತೊಂದರಿಂದ ಲಿಂಗ, ಮಗದೊಂದರಿಂದ ಹಾವು ಅಂತ ಹಿಂದಿನಿಂದ ಹೇಳಿಕೊಂಡು ಬಂದ ಮಾತು. ಡಾಬಸ್‌ಪೇಟೆ ಬರುವುದರೊಳಗೆ ಒಬ್ಬನಿಗೆ ಗಣಪತಿ, ಒಬ್ಬಳಿಗೆ ಆನೆ, ಚಿಕ್ಕವನಿಗೆ ಆಲೂಗಡ್ಡೆ ಕಂಡು ಜಗಳ ಶುರುವಾಗಿರುತ್ತದೆ. ಹೈದರಾಬಾದ್ ರಸ್ತೆಯಲ್ಲಿ ಇಷ್ಟು ಕಷ್ಟವಿಲ್ಲ. ದೇವನಹಳ್ಳಿ ಹತ್ತಿರ 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು, 2019ರಲ್ಲಿ ಎರಡನೇ ರನ್‌ವೇಯೂ ಬಂತು. ಮಾವ ಆಕಾಶಕ್ಕೆ ಬೆರಳು ತೋರಿಸಿದರೆ ಸಾಕು, ಉಳಿದದ್ದು ವಿಮಾನಗಳೇ ನೋಡಿಕೊಳ್ಳುತ್ತವೆ.

ಧರ್ಮಸ್ಥಳದ ದಾರಿಗೆ ಮೀಸಲಾದದ್ದು ನಂಬರ್ ಪ್ಲೇಟು. 43 ದೇವನಹಳ್ಳಿ, 52 ನೆಲಮಂಗಲ, 06 ತುಮಕೂರು, 13 ಹಾಸನ, 19 ಮಂಗಳೂರು, 21 ಪುತ್ತೂರು ಅಂತ ಮಗ್ಗಿ ಒಪ್ಪಿಸಿದ ಹಾಗೆ ಮಾವ ಒಪ್ಪಿಸುತ್ತಾರೆ. ಹಸಿರು ಪ್ಲೇಟು ಕಂಡರೆ ಎಲೆಕ್ಟ್ರಿಕ್ ಗಾಡಿ, ಹಳದಿಯಾದರೆ ಬಾಡಿಗೆ ಗಾಡಿ. ಎಲ್ಲ ಸರಿಯಾಗಿ ಹೋಗುತ್ತಿರುವಾಗ ಸೋಲೂರಿನ ಹತ್ತಿರ '22 ಬಿಎಚ್' ಅಂತ ಬರೆದುಕೊಂಡ ಕಾರೊಂದು ಸರಕ್ಕನೆ ಮುಂದೆ ಹೋಗುತ್ತದೆ.

"ಬಿಹಾರದ್ದು" ಅನ್ನುತ್ತಾರೆ ಮಾವ, ಒಂದು ಕ್ಷಣವೂ ತಡಮಾಡದೆ.

"ಬಿಹಾರ ಬಿಆರ್ ಮಾವ. ಅದು ಭಾರತ್ ಸೀರೀಸ್. 2021ರಲ್ಲಿ ಬಂತು. ಮುಂದೆ ಇರೋ 22 ಅಂದ್ರೆ ರಿಜಿಸ್ಟರ್ ಆದ ವರ್ಷ" ಅನ್ನುತ್ತಾಳೆ ಏಳನೇ ಕ್ಲಾಸಿನ ಸೊಸೆ.

"ಅದೇ ನಾನೂ ಹೇಳಿದ್ದು. ಬಿಹಾರ ಭಾರತದಲ್ಲೇ ಅಲ್ವಾ ಇರೋದು?"

ಆ ಆಟ ಅಲ್ಲಿಗೆ ಬಂದ್. "ಬಲಗಡೆ ನೋಡಿ, ಕುಣಿಗಲ್ ಕುದುರೆ ಫಾರಂ! ಟಿಪ್ಪು ಕಾಲದಿಂದ್ಲೂ ಕುದುರೆ ಸಾಕ್ತಿದ್ದ ಜಾಗ" ಎಂದು ಮಾವ ಮಾತು ತಿರುಗಿಸುತ್ತಾರೆ. ಫಾರಂ ಕುಣಿಗಲ್‌ನಲ್ಲಿ ಇರುವುದೂ ನಿಜ, ಟಿಪ್ಪುವಿನ ಸಂಗತಿಯೂ ನಿಜ. ಕಾರು ಬೈಪಾಸಿನಲ್ಲಿರುವುದೂ ಅಷ್ಟೇ ನಿಜ. ಕಂಡದ್ದು ಎರಡು ಎಮ್ಮೆ. "ಕುದ್ರೆ ಈಗ ಊಟಕ್ ಹೋಗಿರ್ತವೆ."

ಕಾಲ ಮಾವನ ಕೈಯಿಂದ ಕೆಲವು ಆಟಗಳನ್ನು ಕಿತ್ತುಕೊಂಡಿದೆ. ಹಿಂದೆ ಟೋಲ್‌ಗೇಟಿನ ಸಾಲು ಅವರ ಗಣಿತದ ಕ್ಲಾಸು. ಐನೂರರ ನೋಟು ಕೊಟ್ಟರೆ ವಾಪಸ್ ಎಷ್ಟು, ಮೊದಲು ಹೇಳಿದವನೇ ಜಾಣ. 2021ರ ಫೆಬ್ರುವರಿಯಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯವಾದ ಮೇಲೆ ನೋಟೂ ಇಲ್ಲ, ಚಿಲ್ಲರೆಯೂ ಇಲ್ಲ. ಕ್ವಾಲಿಸ್ ಇದ್ದಾಗ ಆರು ಮಕ್ಕಳು ಹಿಂದೆ ಉರುಳಾಡಿಕೊಂಡು ಹೋಗುತ್ತಿದ್ದರು. ಈಗ 14 ವರ್ಷದೊಳಗಿನ ಮಗು ಬೆಲ್ಟ್ ಹಾಕದಿದ್ದರೆ ಸಾವಿರ ರೂಪಾಯಿ ದಂಡ. "ಸನ್‌ರೂಫ್ ತೆಗೀರಿ, ತಲೆ ಆಚೆ ಹಾಕ್ಲಿ, ಗಾಳಿ ಬರ್ಲಿ" ಎಂದು ಮಾವ ಶಿಫಾರಸು ಮಾಡಿದರೆ ಭಾವ ಉತ್ತರ ಕೊಡುವುದಿಲ್ಲ, ಕನ್ನಡಿಯಲ್ಲಿ ಒಮ್ಮೆ ನೋಡುತ್ತಾರೆ, ಅಷ್ಟೆ.

ಚನ್ನರಾಯಪಟ್ಟಣದ ಹೊತ್ತಿಗೆ ಕೋಡುಬಳೆ ಮುಗಿದು ಮಕ್ಕಳ ಕೈ ಫೋನಿನ ಕಡೆ ಹೋಗುತ್ತದೆ. ಆಗ ಮಾವ ಬ್ರಹ್ಮಾಸ್ತ್ರ ತೆಗೆಯುತ್ತಾರೆ: ಊರಿನ ಹೆಸರಿನ ಅಂತ್ಯಾಕ್ಷರಿ. ಹೇಳಿದ ಊರು ಮತ್ತೆ ಹೇಳುವ ಹಾಗಿಲ್ಲ, ಳ ಬಂದರೆ ಲ. ನೆಲಮಂಗಲ ಅಂದರೆ ಲಿಂಗಸುಗೂರು, ಅಲ್ಲಿಂದ ರಾಯಚೂರು, ರಾಣೆಬೆನ್ನೂರು, ರಾಮನಗರ. ನಮ್ಮ ನಾಡಿನಲ್ಲಿ ಊರುಗಳೆಲ್ಲ ಊರು, ಪುರ, ನಗರ ಅಂತಲೇ ಮುಗಿಯುವುದರಿಂದ ರಕಾರದ ಕಾಟ ತಪ್ಪಿದ್ದಲ್ಲ. "ರಾಮನಗರ ಆಗಲ್ಲ, ಅದು 2025ರಲ್ಲೇ ಬೆಂಗಳೂರು ದಕ್ಷಿಣ ಆಯ್ತು" ಎಂದು ಹುಡುಗ ತಕರಾರು ತೆಗೆದರೆ, "ಹೆಸರು ಬದಲಾಗಿರೋದು ಜಿಲ್ಲೇದು ಕಣೋ, ಊರಿಂದಲ್ಲ" ಎಂದು ಮಾವ ತೀರ್ಪು ಕೊಡುತ್ತಾರೆ. ರಾಮದುರ್ಗ ಬಂದು ಎಲ್ಲರೂ ಉಸಿರು ಬಿಡುತ್ತಾರೆ. ಗದಗ ಅಂದರೆ ಮತ್ತೆ ಗ. ಗಂಗಾವತಿ ಅಂದರೆ ತ. ತುಮಕೂರು ಅಂದರೆ ಮತ್ತೆ ಅದೇ ರ.

ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿದಾಗ ನೆಟ್‌ವರ್ಕ್ ಕೈ ಕೊಡುತ್ತದೆ. ಇದು ಮಾವನ ಸುವರ್ಣಯುಗ. ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕೂತು, ಈ ಕಾಡಿನೊಳಗೆ ಸುಬ್ರಹ್ಮಣ್ಯ ರೋಡ್‌ವರೆಗೆ ರೈಲಿಗೆ 57 ಸುರಂಗ ಇರುವುದನ್ನು ವರ್ಣಿಸುತ್ತಾರೆ. ಮಕ್ಕಳು ಫೋನ್ ಬಿಟ್ಟು ಕಾಡಿನಲ್ಲಿ ಸುರಂಗ ಹುಡುಕುತ್ತಾರೆ. ಒಂದೂ ಕಾಣುವುದಿಲ್ಲ, ಆದರೆ ಲಾಭವಿದೆ. ಓಡುವ ಗಾಡಿಯಲ್ಲಿ ಪರದೆ ನೋಡುತ್ತಿದ್ದರೆ ಕಣ್ಣು 'ನಾವು ಅಲುಗಾಡುತ್ತಿಲ್ಲ' ಅನ್ನುತ್ತದೆ, ಒಳಕಿವಿ 'ತಿರುವಿನಲ್ಲಿದ್ದೇವೆ' ಅನ್ನುತ್ತದೆ. ಈ ಇಬ್ಬರ ಜಗಳದಲ್ಲಿ ಹೊಟ್ಟೆ ಬಡವಾಗುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಈ ಕಾಟ ಜಾಸ್ತಿ. ಕಿಟಕಿಯಾಚೆ ದೂರ ನೋಡುತ್ತಿದ್ದರೆ ಎಷ್ಟೋ ಮೇಲು.

ಮಕ್ಕಳು ಮೂವರೂ ಗಟ್ಟಿಯಾಗಿರುತ್ತಾರೆ. ರಸ್ತೆಗೆ ಬೆನ್ನು ಹಾಕಿ ಕೂತವರು ಮಾವ ಒಬ್ಬರೇ. ಸುರಂಗದ ಕಥೆ ನಡುವೆಯೇ ನಿಲ್ಲುತ್ತದೆ. "ಭಾವ... ಒಸಿ ಸೈಡಿಗಾಕಿ."

ಅಕ್ಕ ನಿಂಬೆಹಣ್ಣು ಕೊಡುತ್ತಾರೆ, ಅಜ್ಜಿ ಬೆನ್ನು ನೀವುತ್ತಾರೆ. ಮುಖ ತೊಳೆದುಕೊಂಡು ಬಂದ ಮಾವ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು, ಬೆಲ್ಟ್ ಬಿಗಿದು, ಮುಂದಕ್ಕೆ ಮುಖ ಮಾಡಿ ತೆಪ್ಪಗೆ ಕೂರುತ್ತಾರೆ. ಗಾಡಿ ಹೊರಟ ಮೇಲೆ ಸೊಸೆ ಹಿಂದಿನಿಂದ ಅವರ ಹೆಗಲು ತಟ್ಟುತ್ತಾಳೆ.

"ಮಾವ, ಆಚೆ ನೋಡು, ಸರಿಹೋಗುತ್ತೆ. ಊರಿನ ಆಟ ಆಡೋಣ. ಗುಂಡ್ಯ. ನಿಂಗೆ ಯ."

"ಯಾದಗಿರಿ" ಅನ್ನುತ್ತಾರೆ ಮಾವ, ಕ್ಷೀಣವಾಗಿ.

"ರಟ್ಟೀಹಳ್ಳಿ!"

ಮಾವ ಕವರ್ ಪಕ್ಕಕ್ಕಿಟ್ಟು ನೆಟ್ಟಗೆ ಕೂರುತ್ತಾರೆ. ದನಿಗೆ ಮತ್ತೆ ಪವರ್‌ಲೂಮಿನ ಬಲ ಬಂದಿದೆ. "ಳ ಬಂದ್ರೆ ಲ ಅಂತ ರೂಲ್ಸ್ ಐತೆ. ಲಿಂಗಸುಗೂರು! ತಗೋ, ನಿಂಗೆ ರ."

"ಅದು ಆಗ್ಲೇ ಹೇಳಾಯ್ತು!" ಎಂದು ಮೂವರೂ ಒಟ್ಟಿಗೆ ಕಿರುಚುತ್ತಾರೆ. "ಅದು ಹಳೇ ಆಟ, ಇದು ಬೇರೆ ಆಟ" ಎಂದು ಮಾವ ವಾದಕ್ಕಿಳಿಯುತ್ತಾರೆ.

ದೊಡ್ಡಬಳ್ಳಾಪುರ ಬಿಟ್ಟಾಗಿನಿಂದ ಒಂದು ಮಾತೂ ಆಡದ ಭಾವ ಗೇರ್ ಬದಲಿಸುತ್ತಾ ಹೇಳುತ್ತಾರೆ: "ಔಟ್."