ಮುಂದಿನ ಭಾಗ ಯಾವಾಗ, ಸಿಸ್?

ಅವಳ ಕಥಾನಾಯಕನ ಎತ್ತರ ಆರಡಿ ಎರಡಂಗುಲ. ಒಂದಂಗುಲ ತಗ್ಗಿದರೂ ಓದುಗರು ಮುನಿಸಿಕೊಳ್ಳುತ್ತಾರೆ. ವಯಸ್ಸು ಇಪ್ಪತ್ತಾರು, ಅಷ್ಟರೊಳಗೇ ಏಷ್ಯಾದ ನಂಬರ್ ಒನ್ ಉದ್ಯಮಿ. ಹೆಸರು ಅಥರ್ವ, ಇಲ್ಲವೇ ವಿಹಾನ್, ತೀರಾ ಕೋಪಿಷ್ಠನಾದರೆ ರುದ್ರಪ್ರತಾಪ್. ಮಂಜುನಾಥ, ಬಸವರಾಜ, ನಾಗರಾಜ ಎಂಬ ಹೆಸರಿನವರು ಅವಳ ಕಥೆಯಲ್ಲಿ ಕಾರು ಓಡಿಸುತ್ತಾರೆ, ಗೇಟು ತೆಗೆಯುತ್ತಾರೆ, ಹೆಚ್ಚೆಂದರೆ ನಾಯಕನ ಪಿಎ ಆಗಿ ‘ಯೆಸ್ ಬಾಸ್’ ಅನ್ನುತ್ತಾರೆ. ಅವಳು ವಾಸವಿರುವ ಬೀದಿಯಲ್ಲಿ ‘ಮಂಜಾ’ ಎಂದು ಕೂಗಿದರೆ ಏಳೆಂಟು ಬಾಗಿಲು ತೆರೆದುಕೊಳ್ಳುತ್ತವೆ, ಆ ಮಾತು ಬೇರೆ.

ಅವಳು ಎಂದರೆ ಒಬ್ಬಳೇ ಅಲ್ಲ. ಹಾಸನದ ಪಿಜಿಯಲ್ಲಿ ಒಬ್ಬಳು, ಶಿರಸಿಯ ತೋಟದ ಮನೆಯಲ್ಲಿ ಒಬ್ಬಳು, ಹೊಸಪೇಟೆಯಲ್ಲಿ ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿರುವವಳು ಇನ್ನೊಬ್ಬಳು ಇದ್ದೇ ಇರುತ್ತಾಳೆ. ನಾನು ಹತ್ತಿರದಿಂದ ಬಲ್ಲವಳು ತಿಪಟೂರಿನವಳು, ನಮ್ಮ ಬೀದಿಯ ಕೊನೆಯ ಮನೆ. ದಿನಾ ರೈಲಿನಲ್ಲಿ ತುಮಕೂರಿಗೆ ಹೋಗಿ ಎಂ.ಕಾಂ. ಓದುತ್ತಾಳೆ. ತಂದೆ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅವಳ ನಿಜವಾದ ಹೆಸರು ನಮಗೆ ಬೇಡ, ಅವಳಿಗೂ ಬೇಡವಾಗಿದೆ. ಕಾವ್ಯನಾಮ ‘ಮೌನ ಇಬ್ಬನಿ’. ಇಬ್ಬನಿಯ ವಿಚಾರ ನಾನು ಹೇಳಲಾರೆ. ಮೌನವಂತೂ ಅವಳ ಹತ್ತಿರ ಸುಳಿದದ್ದನ್ನು ಬೀದಿಯಲ್ಲಿ ಯಾರೂ ಕಂಡಿಲ್ಲ.

ಬರೆಯುವುದೆಲ್ಲ ರೈಲಿನಲ್ಲಿ, ಫೋನಿನಲ್ಲಿ, ಬಲಗೈ ಹೆಬ್ಬೆರಳೊಂದರಲ್ಲಿ. ತಿಪಟೂರು ಬಿಟ್ಟಾಗ ನಾಯಕ ಕಣ್ಣು ಕೆಂಪು ಮಾಡಿದರೆ ನಿಟ್ಟೂರಿನ ಹೊತ್ತಿಗೆ ನಾಯಕಿ ಅಳುತ್ತಾಳೆ, ಗುಬ್ಬಿ ದಾಟುವಷ್ಟರಲ್ಲಿ ‘ಮುಂದುವರಿಯುವುದು’. ಆ ದಾರಿಯಲ್ಲಿ ಸಂಪಿಗೆ ರೋಡ್ ಎಂಬ ಹೆಸರಿನ ಸ್ಟೇಷನ್ನೇ ಇದೆ. ಪ್ರೇಮಕಥೆಗೆಂದೇ ರೈಲ್ವೆಯವರು ಕಟ್ಟಿಸಿಟ್ಟಂತಿರುವ ಹೆಸರು. ಆದರೂ ಅವಳ ನಾಯಕ-ನಾಯಕಿ ಡಿಕ್ಕಿ ಹೊಡೆದುಕೊಳ್ಳುವುದು ಪ್ಯಾರಿಸ್ ಏರ್‌ಪೋರ್ಟಿನಲ್ಲಿ. ಕೇಳಿದರೆ, “ಸಂಪಿಗೆ ರೋಡಲ್ಲಿ ಯಾರ್ ಇಳೀತಾರೆ ಸರ್, ಎಕ್ಸ್‌ಪ್ರೆಸ್ಸೇ ನಿಲ್ಲಲ್ಲ” ಅನ್ನುತ್ತಾಳೆ. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವನು. ಇಂಥ ವಾಸ್ತವವಾದಿ ಉತ್ತರ ನನ್ನ ತರಗತಿಯಲ್ಲಿ ಬಂದದ್ದಿಲ್ಲ.

ನಾಯಕನ ಕಂಪನಿ ಏನು ತಯಾರಿಸುತ್ತದೆ ಎಂದೂ ಒಮ್ಮೆ ಕೇಳಿದ್ದೆ.

“ಡೀಲ್ ಮಾಡುತ್ತೆ ಸರ್.”

“ಯಾವುದರ ಡೀಲು?”

“ಕೋಟಿ ಕೋಟಿದು.”

ಕಾಸ್ಟ್ ಅಕೌಂಟಿಂಗ್‌ನಲ್ಲಿ ತರಗತಿಗೇ ಮೊದಲಿಗಳಾದ ಹುಡುಗಿ ಇವಳು. ಬ್ಯಾಲೆನ್ಸ್ ಶೀಟಿನಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಹಿಡಿಯುತ್ತಾಳೆ. ಆದರೆ ಅವಳ ಕಾದಂಬರಿಯಲ್ಲಿ ಕಚ್ಚಾ ಮಾಲು ಇಲ್ಲ, ಸಂಬಳದ ದಿನ ಇಲ್ಲ, ಜಿಎಸ್‌ಟಿ ಇಲ್ಲ. ಪ್ರೀತಿ ಇರುವ ಕಡೆ ಆಡಿಟ್ ಇರಬಾರದು ಎಂಬುದು ಅವಳ ಸಿದ್ಧಾಂತ.

ಇವಳ ಕಥೆಗಳು ಬರುವುದು ‘ಪ್ರತಿಲಿಪಿ’ಯಲ್ಲಿ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಆ್ಯಪ್‌ನಲ್ಲಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳ ಕಥೆಗಳುಂಟು. ಸಂಪಾದಕರಿಲ್ಲ, ‘ವಿಷಾದದಿಂದ ಹಿಂತಿರುಗಿಸಿದೆ’ ಎಂಬ ಚೀಟಿಯಿಲ್ಲ, ಸ್ಟಾಂಪು ಹಚ್ಚಿದ ಲಕೋಟೆಯೂ ಬೇಡ. ಇದಕ್ಕೆ ಜಗತ್ತಿನಲ್ಲಿ ಪೂರ್ವಸೂರಿಗಳಿದ್ದಾರೆ, ಅವರ ಚರಿತ್ರೆ ಅವಳಿಗೆ ಬಾಯಿಪಾಠ. ಅಮೆರಿಕದ ಆನಾ ಟಾಡ್ 2013ರಲ್ಲಿ ‘ವಾಟ್‌ಪ್ಯಾಡ್’ನಲ್ಲಿ ‘ಆಫ್ಟರ್’ ಎಂಬ ಕಥೆಯನ್ನು ಫೋನಿನಲ್ಲೇ ಕಂತುಕಂತಾಗಿ ಬರೆದದ್ದು, ಅದು 2019ರಲ್ಲಿ ಸಿನಿಮಾ ಆದದ್ದು, ಕಾಲೀನ್ ಹೂವರ್ 2012ರಲ್ಲಿ ತನ್ನ ಮೊದಲ ಕಾದಂಬರಿಯನ್ನು ತಾನೇ ಪ್ರಕಟಿಸಿಕೊಂಡದ್ದು, ಇವನ್ನೆಲ್ಲ ಅವಳು ಅಮ್ಮನಿಗೆ ಪಲ್ಯ ಹೆಚ್ಚುತ್ತಾ ಹೇಳುತ್ತಾಳೆ. ಅಮ್ಮ ಕೇಳಿಸಿಕೊಂಡು, “ಅವರಿಗೆ ಮದುವೆ ಆಗಿತ್ತಾ?” ಅನ್ನುತ್ತಾರೆ.

ಅಮ್ಮನನ್ನು ಹಗುರವಾಗಿ ಎಣಿಸಬಾರದು. ಆಕೆ ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾಲದವರು. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ಎಲ್ಲರನ್ನೂ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು ಓದಿದವರು. ಎಂ.ಕೆ. ಇಂದಿರಾ ಕಾದಂಬರಿ ಬರೆಯಲು ಕೂತದ್ದು ನಲವತ್ತು ದಾಟಿದ ಮೇಲೆ ಎಂದು ನಾನು ಹೇಳಿದಾಗ ಆಕೆ ಮಗಳ ಕಡೆ ತಿರುಗಿ, “ನೋಡು, ಅಲ್ಲೀವರೆಗೂ ಮನೆ ಕೆಲಸ ಮುಗಿಸಿಕೊಂಡಿದ್ರು” ಎಂದರು. ಬಾಡಿಗೆ ಪುಸ್ತಕದ ಅಂಚಿನಲ್ಲಿ ಬಾಲ್‌ಪೆನ್ನಿನ ಬರಹಗಳಿರುತ್ತಿದ್ದವು: ‘ಇವಳು ಪೆದ್ದಿ’, ‘ಅತ್ತೆಗೆ ಸರಿಯಾಯ್ತು’, ‘ಕೊನೇ ಪುಟ ಹರಿದವರಿಗೆ ಒಳ್ಳೇದಾಗಲ್ಲ’. ಈಗ ಅಂಚು ಹೋಗಿ ಕಾಮೆಂಟು ಬಂದಿದೆ, ಅಷ್ಟೆ. ಆಗಿನ ವಿಮರ್ಶಕರು ಅದನ್ನೆಲ್ಲ ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದರು. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಆಮೇಲೆ ಪುಟ್ಟಣ್ಣ ಕಣಗಾಲರು ‘ಬೆಳ್ಳಿಮೋಡ’, ‘ಶರಪಂಜರ’ಗಳನ್ನು ಸಿನಿಮಾ ಮಾಡಿದಾಗ ಮೂಗು ಮುರಿದವರ ಮನೆಯವರೂ ಟಿಕೆಟ್ಟಿಗೆ ಸಾಲಿನಲ್ಲಿ ನಿಂತಿದ್ದರು ಎಂದು ನನ್ನ ಅನುಮಾನ.

ಆದರೆ ಆ ಕಾಲದ ಲೇಖಕಿಗೆ ಇಲ್ಲದ ಒಂದು ಕಾಟ ಇವಳಿಗಿದೆ. ವಾರಪತ್ರಿಕೆಯ ಓದುಗರು ಮುಂದಿನ ಕಂತಿಗೆ ಒಂದು ವಾರ ಬಾಯಿ ಮುಚ್ಚಿ ಕಾಯುತ್ತಿದ್ದರು. ಇವಳ ಓದುಗರು ಒಂದು ರಾತ್ರಿಯನ್ನೂ ತಾಳುವುದಿಲ್ಲ. ನೈಟ್ ಡ್ಯೂಟಿಯ ನರ್ಸು, ಗಾರ್ಮೆಂಟ್ಸ್‌ನ ಬಸ್ಸಿನಲ್ಲಿ ನಿಂತವರು, ಮಗು ಮಲಗಿಸಿ ಫೋನು ಹಿಡಿದ ಬಾಣಂತಿ, ಎಲ್ಲರದೂ ಒಂದೇ ಕೂಗು: “ಮುಂದಿನ ಭಾಗ ಯಾವಾಗ, ಸಿಸ್?” ಭಾಗ ಬಂದ ಹತ್ತು ನಿಮಿಷಕ್ಕೆ, “ತುಂಬಾ ಚಿಕ್ಕದಾಯ್ತು ಸಿಸ್.” ನಾಲ್ಕು ಸ್ಟಾರ್ ಕೊಟ್ಟವರು ಯಾರೆಂದು ಅವಳು ರಾತ್ರಿಯಿಡೀ ಯೋಚಿಸುತ್ತಾಳೆ. ಐದು ಕೊಟ್ಟವರ ಹೆಸರು ನೆನಪಿರುವುದಿಲ್ಲ. ಈ ವಿಷಯದಲ್ಲಿ ಅವಳು ಅಕಾಡೆಮಿ ಪ್ರಶಸ್ತಿ ಪಡೆದ ಹಿರಿಯರಿಗಿಂತ ಬೇರೆಯಲ್ಲ.

ಸೆಮಿಸ್ಟರ್ ಪರೀಕ್ಷೆ ಬಂದರೆ ಏನು ಮಾಡಬೇಕು? ಮೊದಲ ಸಲ ಪ್ರಾಮಾಣಿಕವಾಗಿ, “ಪರೀಕ್ಷೆ ಇದೆ, ಸ್ವಲ್ಪ ದಿನ ಭಾಗಗಳು ಬರುವುದಿಲ್ಲ, ಕ್ಷಮಿಸಿ” ಎಂದು ಹಾಕಿದ್ದಳು. “ಅಲ್ಲಿ ಇಂಚರಾಳ ತಾಳಿ ಕಿತ್ತುಕೊಳ್ಳೋಕೆ ಬಂದಿದ್ದಾರೆ, ನಿಮಗೆ ಪರೀಕ್ಷೆನಾ?” ಎಂದು ಒಬ್ಬರು ಬೈದರು. ಅಲ್ಲಿಂದೀಚೆಗೆ ಅವಳು ನಾಯಕನನ್ನು ಕೋಮಾಕ್ಕೆ ಕಳಿಸುತ್ತಾಳೆ. ಅವನು ಐಸಿಯುನಲ್ಲಿ ಮಲಗಿರುವಷ್ಟು ದಿನ ಇವಳು ಇನ್‌ಕಂ ಟ್ಯಾಕ್ಸ್ ಓದಿಕೊಳ್ಳುತ್ತಾಳೆ. ದಿನಕ್ಕೆ ನಾಲ್ಕು ಸಾಲು ಹಾಕಿದರೂ ನಡೆಯುತ್ತದೆ: ಬೆರಳು ಅಲುಗಿತು, ಡಾಕ್ಟರಿಗೆ ಆಶ್ಚರ್ಯ, ಬೆರಳು ಅಲುಗಿದ್ದು ಭ್ರಮೆಯಂತೆ. ಬಲ್ಲ ಓದುಗರು ಈಗ ನಾಯಕನಿಗೆ ಅಪಘಾತವಾದ ಕೂಡಲೇ “ಆಲ್ ದಿ ಬೆಸ್ಟ್ ಸಿಸ್, ಚೆನ್ನಾಗಿ ಬರೀರಿ” ಎಂದು ಹಾರೈಸುತ್ತಾರೆ.

ಅವಳ ನಾಯಕನ ಬಗ್ಗೆ ನನಗೆ ತಕರಾರೂ ಇದೆ. ಮೊದಲ ಮೂವತ್ತು ಭಾಗ ಅವನು ನಾಯಕಿಯ ಮುಂಗೈ ಹಿಡಿದು ಎಳೆಯುತ್ತಾನೆ, ಬಲವಂತಕ್ಕೆ ತಾಳಿ ಕಟ್ಟುತ್ತಾನೆ, ಗ್ಲಾಸು ಒಡೆಯುತ್ತಾನೆ. “ಇದು ಪೊಲೀಸ್ ಕೇಸು, ಪ್ರೇಮ ಅಲ್ಲ” ಅಂದೆ. “ಪೊಸೆಸಿವ್ ಸರ್ ಅವನು. ಚಿಕ್ಕಂದಿನಲ್ಲಿ ತಾಯಿ ಬಿಟ್ಟು ಹೋಗಿರ್ತಾಳೆ” ಎಂದು ಸಮಾಧಾನ ಹೇಳಿದಳು. ತಾಯಿ ಬಿಟ್ಟು ಹೋದವರೆಲ್ಲ ಗ್ಲಾಸು ಒಡೆದರೆ ಊರಿನ ಪಾತ್ರೆ ಅಂಗಡಿಗಳು ಉದ್ಧಾರವಾದಾವು. ಈ ವಿಚಾರದಲ್ಲಿ ನಾನು ರಾಜಿಯಾಗಿಲ್ಲ, ಅವಳೂ ಆಗಿಲ್ಲ.

ಆದರೆ ಎಂಬತ್ತು ಚಿಲ್ಲರೆಯ ಒಂದು ಭಾಗದಲ್ಲಿ, ಏನೂ ತೋಚದೆ, ರೈಲು ಬೇರೆ ತಡವಾಗಿ, ಅವಳು ನಾಯಕಿಗೆ ಜ್ವರ ಬರಿಸಿದಳು. ಅಡುಗೆಯವಳೂ ರಜೆ. ಏಷ್ಯಾದ ನಂಬರ್ ಒನ್ ಉದ್ಯಮಿ ತೋಳು ಮಡಚಿ ಗಂಜಿ ಕಾಯಿಸಿದ, ಉಪ್ಪಿನಕಾಯಿ ಇಟ್ಟು ಕೊಟ್ಟ, ಅವಳು ಉಂಡ ಮೇಲೆ ತಟ್ಟೆ ತೊಳೆದು ಬೋರಲು ಹಾಕಿದ. ಅಷ್ಟೆ. ಅದಕ್ಕೆ ಮುಂಚೆ ಅವನು ಅವಳಿಗಾಗಿ ಸ್ವಿಟ್ಜರ್ಲೆಂಡಿನಲ್ಲಿ ಹೋಟೆಲೊಂದನ್ನೇ ಕೊಂಡಿದ್ದ. ಆಗ ‘ಸೂಪರ್’, ‘ನೈಸ್’ ಎಂಬ ಎಂದಿನ ಮಾತುಗಳಷ್ಟೇ ಬಂದಿದ್ದವು. ತಟ್ಟೆ ತೊಳೆದ ರಾತ್ರಿ ಫೋನು ಬಿಸಿಯಾಗುವಷ್ಟು ಕಾಮೆಂಟು. “ಇಂಥವರು ಎಲ್ಲಿ ಸಿಗ್ತಾರೆ ಸಿಸ್?” “ಓದಿ ಅತ್ತುಬಿಟ್ಟೆ.” “ನಮ್ಮನೆಯವರಿಗೆ ಓದಿ ಹೇಳಿದೆ, ಅವನಿಗೆ ಬೇರೆ ಕೆಲಸ ಇಲ್ವಾ ಅಂದ್ರು.” ಇನ್ನೊಬ್ಬರಂತೂ ಗಂಭೀರವಾಗಿ, “ಗಂಜಿ ಪಾತ್ರೆನೂ ತೊಳೆದನಾ, ಬರೀ ತಟ್ಟೆನಾ? ಸ್ಪಷ್ಟಪಡಿಸಿ” ಎಂದು ಕೇಳಿದ್ದರು. ಮರುದಿನದ ಭಾಗದಲ್ಲಿ ಅವನು ಗಂಜಿ ಪಾತ್ರೆಯ ತಳ ಉಜ್ಜಿ, ಸಿಂಕನ್ನೂ ಒರೆಸಿದ. ಕನ್ನಡ ಕಾದಂಬರಿಯ ಪುರುಷಪಾತ್ರಗಳ ಮೇಲೆ ಪಿಎಚ್.ಡಿ. ಮಾಡಿದವರು ನನಗೆ ಗೊತ್ತು. ಈ ಸಿಂಕಿನ ಹತ್ತಿರ ಯಾರೂ ಬಂದಂತಿಲ್ಲ.

ಕಥೆ ಅಂತೂ ಮುಗಿಯಿತು. ಓದುಗರೊಬ್ಬರು ಪುಸ್ತಕ ಮಾಡಿ ಎಂದರು. ಅಲ್ಲಿಗೆ ಅವಳ ತಲೆ ತಿರುಗಿತು.

ಪುಸ್ತಕದ ದಾರಿ ಅವಳು ಎಣಿಸಿದಂತೆ ಸಲೀಸಾಗಿರಲಿಲ್ಲ. ಐಎಸ್‌ಬಿಎನ್ ಸಂಖ್ಯೆಯದೇನೂ ತೊಂದರೆಯಿಲ್ಲ, ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸರ್ಕಾರದ ಏಜೆನ್ಸಿ ಪುಕ್ಕಟೆಯಾಗಿ ಕೊಡುತ್ತದೆ. ತೊಂದರೆ ಶುರುವಾದದ್ದು ಡಿಟಿಪಿಯಲ್ಲಿ. ಅಂಗಡಿಯಾತ ಫೋನಿನ ಯೂನಿಕೋಡ್ ಅಕ್ಷರಗಳನ್ನು ಹಳೆಯ ನುಡಿ ಫಾಂಟಿಗೆ ತಿರುಗಿಸಿದ. ‘ಏರ್‌ಪೋರ್ಟ್’ ಹೋಗಿ ‘ಏರ್ಪೋರ್ಟ್’ ಆಯಿತು, ‘ಬಾಸ್‌ಗೆ’ ಇದ್ದದ್ದು ‘ಬಾಸ್ಗೆ’ ಆಯಿತು. ಅದಕ್ಕಿಂತ ದೊಡ್ಡ ಅನಾಹುತ ಹೃದಯದ್ದು. ಅವಳ ಬರಹದಲ್ಲಿ ಪೂರ್ಣವಿರಾಮಕ್ಕಿಂತ ಕೆಂಪು ಹೃದಯಗಳು ಹೆಚ್ಚು. ಅವೆಲ್ಲ ಖಾಲಿ ಚೌಕಗಳಾಗಿ ಕೂತವು. ನಾಯಕ ಮಳೆಯಲ್ಲಿ ಮಂಡಿಯೂರಿ, “ಇಂಚರಾ, ನನ್ನ ಬದುಕಲ್ಲಿ ನಿನಗೆ” ಎಂದು ಹೇಳಿ ಮೂರು ಚೌಕ ಕೊಟ್ಟ. ಅಂಗಡಿಯಾತ ಕನ್ನಡಕದ ಮೇಲಿಂದ ನೋಡಿ, “ಈ ಡಬ್ಬಗಳು ಇರಲಾ ಮೇಡಂ, ತೆಗೀಲಾ?” ಎಂದು ಕೇಳಿದ.

ಕರಡು ತಿದ್ದಲು ನನ್ನ ಬಳಿ ಬಂತು. ಮುನ್ನುಡಿಯೂ ನನ್ನದೇ: “ಎರಡು ಪುಟ ಸಾಕು ಸರ್, ಪೂರ್ತಿ ಓದಿದ್ದೀನಿ ಅಂತ ಗೊತ್ತಾಗೋ ಹಾಗೆ.” ಫೋನಿನಲ್ಲಿ ದಿನಕ್ಕೊಂದು ಭಾಗ ಓದುವಾಗ ಕಾಣದ್ದು ಹಾಳೆಯ ಮೇಲೆ ಕಾಣುತ್ತದೆ. ಪ್ರತಿ ಭಾಗದ ಕೊನೆಗೂ ನಾಯಕಿ ಕಣ್ಣು ಕತ್ತಲಿಟ್ಟು ಬೀಳುತ್ತಾಳೆ. ಒಟ್ಟಾಗಿ ಓದಿದರೆ ನಾಲ್ಕೈದು ಪುಟಕ್ಕೊಮ್ಮೆ ಬೀಳುತ್ತಾಳೆ. “ಇವಳಿಗೆ ಗಂಡು ಹುಡುಕೋದಕ್ಕೆ ಮುಂಚೆ ಹಿಮೋಗ್ಲೋಬಿನ್ ನೋಡಿಸು” ಎಂದು ಅಂಚಿನಲ್ಲಿ ಬರೆದೆ. ಅರ್ಧದಷ್ಟು ಮೂರ್ಛೆ ತೆಗೆದಳು. ಉಳಿದವು ಕಥೆಗೆ ಬೇಕಂತೆ.

ಮುದ್ರಣಕ್ಕೆ ಟ್ಯೂಷನ್ ಹೇಳಿ ಕೂಡಿಟ್ಟ ಹಣ ಹೋಯಿತು. ಡೆಮ್ಮಿ 1/8, ಹದಿನಾರು ಪುಟದ ಫಾರಂ, ಎಪ್ಪತ್ತು ಜಿಎಸ್‌ಎಂ ಕಾಗದ ಎಂದು ಅವಳು ಮಾತಾಡುವುದನ್ನು ಕೇಳಿದರೆ ಮೂರು ತಲೆಮಾರಿನ ಪ್ರಕಾಶಕರ ಮನೆಯವಳೆನ್ನಬೇಕು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಕಥೆಯನ್ನು ಹೇಳಿ ಹುರಿದುಂಬಿಸಲು ಹೋದೆ. “ಪಾಪ, ಆಗ ಸ್ಟೇಟಸ್ ಹಾಕೋ ಹಾಗಿರಲಿಲ್ಲ ಅಲ್ವಾ ಸರ್” ಎಂದು ಮರುಗಿದಳು.

ಬಿಡುಗಡೆ ಸಮಾರಂಭದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಸ್ತಕ ಓದದ ಮುಖ್ಯ ಅತಿಥಿಗಳು ಪಂಪನಿಂದ ಹೊರಟು ಕುಮಾರವ್ಯಾಸನ ತನಕ ಬಂದು, ಊಟಕ್ಕೆ ಹೊತ್ತಾಯಿತೆಂದು ನಿಂತರು.

ನಿಜವಾದ ವಿಮರ್ಶೆ ನಡೆದದ್ದು ಮನೆಯಲ್ಲಿ. ಪುಸ್ತಕದ ಕಟ್ಟುಗಳು ಬಂದಿಳಿದಾಗಲೇ ಅಪ್ಪನಿಗೆ ಮಗಳು ಲೇಖಕಿ ಎಂದು ತಿಳಿದದ್ದು. ಅವರು ಹಳೆ ಗೋಣಿಚೀಲ ಹಾಸಿ, ಗೋಡೆಗೆ ತಾಗದಂತೆ ಕಟ್ಟುಗಳನ್ನು ಕೊಬ್ಬರಿ ಮೂಟೆಯ ಹಾಗೆ ಅಟ್ಟಿ ಹಾಕಿದರು. ಆಮೇಲೆ ಕೇಳಿದರು:

“ಒಂದಕ್ಕೆ ಎಷ್ಟು ಬಿತ್ತವ್ವಾ?”

ಹೇಳಿದಳು.

“ಅಂಗಡಿಯೋರು ಎಷ್ಟು ಮುರ್ಕೋತಾರೆ?”

“ಶೇಕಡಾ 40 ಕೇಳ್ತಾರೆ ಅಪ್ಪಾಜಿ. ದುಡ್ಡು ಮಾರಾಟ ಆದ್ಮೇಲೆ.”

ಅಪ್ಪ ಬಹಳ ಹೊತ್ತು ಕಟ್ಟುಗಳನ್ನೇ ನೋಡಿದರು. “ನಮ್ಮ ದಲ್ಲಾಳಿಗಳನ್ನ ಸುಮ್ನೆ ಬೈತಿದ್ದೆ” ಎಂದರು.

ಆ ರಾತ್ರಿ ಅವರೂ ಓದಿದರು. ಬೆಳಿಗ್ಗೆ ಅವರ ಅಭಿಪ್ರಾಯ ಇಷ್ಟೇ: ಹುಡುಗ ಒಳ್ಳೆಯವನು, ಆದರೆ ಇಷ್ಟು ದುಡ್ಡು ಎಲ್ಲಿಂದ ಬರುತ್ತೆ ಅಂತ ಎಲ್ಲೂ ಬರೆದಿಲ್ಲ. ಯಾವುದಾದರೂ ಮಾಲು ಇರಬೇಕು. ನಾನು ಅಷ್ಟು ದಿನ ಹೇಳಿದ್ದು ಕಿವಿಗೆ ಬೀಳದವಳಿಗೆ ಇದು ನಾಟಿತು.

ಹೊಸ ಧಾರಾವಾಹಿ ಈಗ ನಡೆಯುತ್ತಿದೆ. ನಾಯಕ ಉಂಡೆ ಕೊಬ್ಬರಿಯ ರಫ್ತುದಾರ, ‘ಕೋಕೋನಟ್ ಕಿಂಗ್’ ಎಂದೇ ಪ್ರಸಿದ್ಧ. ಅವನ ಹೆಲಿಕಾಪ್ಟರು ತೆಂಗಿನ ತೋಟದಲ್ಲಿ ಇಳಿಯುತ್ತದೆ. ಎಲ್ಲಿ ಇಳಿಯುತ್ತೆ, ಗರಿಗೆ ತಾಗಲ್ವಾ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಮಂಡಿಯ ದೃಶ್ಯಗಳಿಗೆ ಅಪ್ಪನೇ ಸಲಹೆಗಾರರು, ತೂಕ, ತೇವಾಂಶ, ಧಾರಣೆ ಎಲ್ಲ ಅವರು ಹೇಳಿದಂತೆ. ಕಳೆದ ಭಾಗದಲ್ಲಿ ರುದ್ರಪ್ರತಾಪ್ ಕಣ್ಣು ಕೆಂಪಗೆ ಮಾಡಿ, ಫೋನು ಕಿವಿಗೊತ್ತಿ, ನಡುಗುತ್ತಾ ನಿಂತ ನಾಯಕಿಯ ಮುಂದೆ ಕ್ವಿಂಟಲಿನ ಬೆಲೆ ಕೂಗಿ ಇಡೀ ಹರಾಜನ್ನೇ ಗೆದ್ದ. ಮೊದಲ ಕಾಮೆಂಟು ಅರಸೀಕೆರೆಯಿಂದ ಬಂತು: “ಭಾಗ ಸೂಪರ್ ಸಿಸ್. ಆದ್ರೆ ನಿನ್ನೆ ತಿಪಟೂರಲ್ಲಿ ಅಷ್ಟು ಹೋಗಿಲ್ಲ, ನಮ್ಮನೆಯವರು ಬರಿಗೈಲಿ ವಾಪಸ್ ಬಂದ್ರು.”