ಪಾಪ ಸಾಲದು

"ತಾತ, ನಂಗೆ ಪಾಪ ಸಾಲ್ತಾ ಇಲ್ಲ."

ಭಾನುವಾರದ ಧರ್ಮೋಪದೇಶ ಮುಗಿಸಿ ಬಂದ ಮೊಮ್ಮಗಳು ಒಂದು ಚಪ್ಪಲಿಯನ್ನು ಬಾಗಿಲಲ್ಲೂ ಇನ್ನೊಂದನ್ನು ಕ್ರೋಟನ್ ಕುಂಡದ ಪಕ್ಕದಲ್ಲೂ ಬಿಟ್ಟು, ಸೀದಾ ನನ್ನ ಪೇಪರಿನ ಮೇಲೆ ತನ್ನ ನೋಟ್‌ಬುಕ್ ಇಟ್ಟಳು. ಎಪ್ಪತ್ತೆರಡು ವರ್ಷದಲ್ಲಿ ನಾನು ಬಗೆಬಗೆಯ ಕೊರತೆ ಕಂಡವನು. ಸಕ್ಕರೆಗೆ ಕ್ಯೂ ನಿಂತಿದ್ದೇನೆ, ಸೀಮೆಎಣ್ಣೆಗೆ ಕ್ಯೂ ನಿಂತಿದ್ದೇನೆ, ಚಿಲ್ಲರೆ ಇಲ್ಲ ಎಂದು ಕಂಡಕ್ಟರ್ ಹತ್ತಿರ ಬೈಸಿಕೊಂಡಿದ್ದೇನೆ. ಪಾಪದ ಅಭಾವ ಕೇಳಿದ್ದು ಇದೇ ಮೊದಲು.

ಸಂಗತಿ ಇಷ್ಟು. ಮೇ ತಿಂಗಳ ಮೊದಲ ಭಾನುವಾರ ಅವಳ ಮೊದಲ ಪರಮಪ್ರಸಾದ, ಅಂದರೆ ಚರ್ಚಿನ ಪೂಜೆಯಲ್ಲಿ ಮಂತ್ರಿಸಿದ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದು. ಅದರ ಹಿಂದಿನ ದಿನ ಮೊದಲ ಪಾಪನಿವೇದನೆ. ಬುಟ್ಟಿ ತೊಳೆಯದೆ ಹೂ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಸಿಸ್ಟರ್ ಮಕ್ಕಳಿಗೆಲ್ಲ ಆತ್ಮಶೋಧನೆ ಮಾಡಿ ಪಟ್ಟಿ ಬರೆದುಕೊಳ್ಳಲು ಹೇಳಿದ್ದರು. ನಮ್ಮವಳು ಶೋಧಿಸಿ ಶೋಧಿಸಿ ಮೂರು ಹೆಕ್ಕಿದ್ದಳು: ಅಮ್ಮನಿಗೆ ಎದುರು ಮಾತಾಡಿದ್ದು, ತಮ್ಮನನ್ನು ಚಿವುಟಿದ್ದು, ಯಾರದೋ ರಬ್ಬರ್ ತಂದು ವಾಪಸ್ ಕೊಡದೇ ಇದ್ದದ್ದು. ಪಕ್ಕದಲ್ಲಿ ಕೂರುವ ಹುಡುಗಿಯ ಹತ್ತಿರ ಹನ್ನೊಂದು ಇವೆಯಂತೆ. ಕಣ್ಣಲ್ಲಿ ನೀರಿತ್ತು.

ಕನ್ನಡದಲ್ಲಿ ಈ ಪದವೇ ಒಂದು ವಿಚಿತ್ರ. ಮಾಡಿದರೆ ಪಾಪ, ಪಟ್ಟವರನ್ನು ನೋಡಿದರೆ "ಅಯ್ಯೋ ಪಾಪ", ಏನೂ ಮಾಡಲಾರದೆ ತೊಟ್ಟಿಲಲ್ಲಿ ಮಲಗಿದ್ದರೆ ಪಾಪು. ಪಾಪ, ಈ ಪಾಪುವಿಗೆ ಪಾಪವಿಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದಾಗ ಅಡುಗೆಮನೆಯಿಂದ ನನ್ನಾಕೆ, "ನಿಮ್ಮ ತಾತನ ಹತ್ರ ಬೇಕಾದಷ್ಟಿದೆ, ಒಂದು ನಾಲ್ಕು ಸಾಲ ಇಸ್ಕೋ ಮಗಳೇ" ಎಂದಳು. ಮೊಮ್ಮಗಳು ಇದನ್ನು ನಿಜವೆಂದೇ ತಿಳಿದು ನೋಟ್‌ಬುಕ್ಕಿನ ಹೊಸ ಹಾಳೆ ತೆರೆದಳು.

ಸಾಲ ಕೊಡುವ ಬದಲು ಹತ್ತು ಕಟ್ಟಳೆಗಳನ್ನು ಒಂದೊಂದಾಗಿ ಹಿಡಿದು ಹುಡುಕೋಣ ಎಂದೆ. ಐದನೆಯದರವರೆಗೆ ಸುಗಮವಾಗಿ ಸಾಗಿತು. ಕೊಲೆ ಮಾಡಬಾರದು ಎಂಬಲ್ಲಿ ಜಿರಳೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದಳು, ಬರುವುದಿಲ್ಲ ಎಂದೆ. ಆರನೆಯದಕ್ಕೆ ಬಂದಾಗ ನನ್ನ ಗಾಡಿ ಕೆಸರಿನಲ್ಲಿ ಹೂತಿತು. "ವ್ಯಭಿಚಾರ ಅಂದ್ರೇನು ತಾತ?"

ಸೊಸೆ ಆಫೀಸಿನ ಫೋನಿನಲ್ಲಿದ್ದಳು. ಅಡುಗೆಮನೆಯ ಸದ್ದು ಒಮ್ಮೆಲೇ ನಿಂತಿತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ ಒಣಗಿತು. "ಅದೂ... ಕಲಬೆರಕೆ ಮಗಳೇ. ಹಾಲಿಗೆ ನೀರು ಬೆರೆಸೋದು, ಅಂಥದ್ದು" ಎಂದುಬಿಟ್ಟೆ.

ಅವಳ ಮುಖ ಅರಳಿತು. "ಅದು ಮಾಡಿದೀನಿ!" ಬೆಳಿಗ್ಗೆ ಕೊಡುವ ಹಾಲಿನಲ್ಲಿ ಅರ್ಧ ಸಿಂಕಿಗೆ ಸುರಿದು, ಲೋಟ ತುಂಬಿರುವಂತೆ ಕಾಣಲಿ ಎಂದು ನಲ್ಲಿ ನೀರು ಬೆರೆಸಿದ್ದಳಂತೆ. ಎಷ್ಟು ಸಲ ಎಂದು ಬೆರಳು ಮಡಚಿ ಎಣಿಸಿ, ಆರನೇ ಕಟ್ಟಳೆಯ ಎದುರು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಳು: ಹದಿನಾಲ್ಕು ಸಲ. ಒಂದೇ ಏಟಿಗೆ ಹನ್ನೊಂದರ ಹುಡುಗಿಯನ್ನು ಹಿಂದೆ ಹಾಕಿದ ಸಂತೋಷದಲ್ಲಿ ಕುಣಿಯುತ್ತಾ ಹೋದಳು. ನಾನು ಪೇಪರ್ ಮುಖಕ್ಕೆ ಅಡ್ಡ ಹಿಡಿದೆ.

ನಮ್ಮ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಅರ್ಥ ಕೇಳುವ ಸ್ವಾತಂತ್ರ್ಯವೇ ಇರಲಿಲ್ಲವಾದ್ದರಿಂದ ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ. 1961ರಲ್ಲಿ, ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ, ಉಪದೇಶಿಗಳು ಜಗಲಿಯ ಮೇಲೆ ನಮ್ಮನ್ನು ಕೂರಿಸಿ ಪ್ರಶ್ನೋತ್ತರಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತಿದ್ದರು. ಪಕ್ಕದಲ್ಲೊಂದು ಹುಣಿಸೆ ಬರಲು. ಪೂಜೆ ಲತೀನಿನಲ್ಲಿ ನಡೆಯುತ್ತಿತ್ತು. ಸ್ವಾಮಿಗಳು ನಮಗೆ ಬೆನ್ನು ಮಾಡಿ ದೇವರಿಗೆ ಏನು ಹೇಳುತ್ತಿದ್ದರೋ ದೇವರಿಗೇ ಗೊತ್ತು. ಕನ್ನಡದಲ್ಲಿ ಪೂಜೆ ಕೇಳಿದ್ದು ಎರಡನೇ ವ್ಯಾಟಿಕನ್ ಮಹಾಸಭೆಯಾದ ಮೇಲೆ. ಆಗ ನಮ್ಮಜ್ಜಿ, "ಇಷ್ಟೇನಾ ಹೇಳ್ತಿದ್ದದ್ದು?" ಎಂದು ಸ್ವಲ್ಪ ನಿರಾಶಳಾದಳು.

ಉಪದೇಶಿಗಳು ಹೇಳಿದ ಕಥೆಗಳಲ್ಲಿ ನನಗೆ ಇವತ್ತಿಗೂ ಮರೆಯದ್ದು ಇಮೆಲ್ಡಾಳದು. ಇಟಲಿಯ ಬೊಲೋನ್ಯಾದ ಹುಡುಗಿ. ಕನ್ಯಾಸ್ತ್ರೀಯರ ಮಠದಲ್ಲಿದ್ದಳು. ಪರಮಪ್ರಸಾದಕ್ಕೆ ಹಂಬಲಿಸುತ್ತಿದ್ದಳು, ವಯಸ್ಸು ಸಾಲದೆಂದು ಕೊಡುತ್ತಿರಲಿಲ್ಲ. ಕೊನೆಗೆ 1333ರ ಮೇ ತಿಂಗಳಲ್ಲಿ, ಹನ್ನೊಂದರ ಪ್ರಾಯದಲ್ಲಿ, ಸಿಕ್ಕಿತು. ಸ್ವೀಕರಿಸಿದ ಆನಂದದಲ್ಲಿ ಮೊಣಕಾಲೂರಿದ್ದಲ್ಲೇ ಪ್ರಾಣ ಹೋಯಿತು. ಮೊದಲ ಪರಮಪ್ರಸಾದದ ಮಕ್ಕಳಿಗೆಲ್ಲ ಅವಳೇ ಪಾಲಕಿ. ಉಪದೇಶಿಗಳು ಕಣ್ಣೊರೆಸಿಕೊಂಡರು. ನಾವು ಹದಿಮೂರು ಜನ ಮುಖಮುಖ ನೋಡಿಕೊಂಡೆವು. ಆ ವಾರವೆಲ್ಲ ನಾನು ಅಮ್ಮನ ಹತ್ತಿರ ಏನು ಬೇಕಾದರೂ ಕೇಳುವುದಕ್ಕೆ ಹಿಂಜರಿಯಲಿಲ್ಲ. ಸಾಯುವ ಮುಂಚೆ ಒಂದು ಸಲ ಒಬ್ಬಟ್ಟು ತಿನ್ನಬೇಕು ಎಂದೆ. ಮಾಡಿಕೊಟ್ಟಳು.

ಇನ್ನು ಉಪವಾಸ. ಪರಮಪ್ರಸಾದಕ್ಕೆ ಮುಂಚೆ ನಡುರಾತ್ರಿಯಿಂದ ಹೊಟ್ಟೆಗೆ ಏನೂ ಬೀಳಬಾರದು, ನೀರು ಕೂಡ, ಎಂಬುದು ಹಳೆಯ ನಿಯಮ. ಪೋಪರು 1953ರಲ್ಲೇ ನೀರಿಗೆ ವಿನಾಯಿತಿ ಕೊಟ್ಟಿದ್ದರು. 1957ರಲ್ಲಿ ಉಪವಾಸವನ್ನೇ ಮೂರು ಗಂಟೆಗೆ ಇಳಿಸಿದ್ದರು. ಆದರೆ ರೋಮಿನ ಸುದ್ದಿ ಹಾಸನದವರೆಗೆ ಬಂದರೂ ಹಾಸನದಿಂದ ನಮ್ಮೂರಿಗೆ ಬಸ್ಸಿರಲಿಲ್ಲ. ಬಂದಿದ್ದರೂ ನಮ್ಮಜ್ಜಿ ಒಪ್ಪುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಗುಡಾಣಕ್ಕೆ ಮುಚ್ಚಳ ಹಾಕಿ, ಅದರ ಮೇಲೊಂದು ಗುಂಡುಕಲ್ಲನ್ನೂ ಹೇರಿದಳು. ಬೆಳಿಗ್ಗೆ ಬೇವಿನಕಡ್ಡಿ ಜಗಿಯುವಾಗ ಒಂದು ತೊಟ್ಟು ರಸ ಗಂಟಲಿಗಿಳಿಯಿತೇನೋ ಎಂಬ ಅನುಮಾನ ನನ್ನನ್ನು ಚರ್ಚಿನವರೆಗೂ ಹಿಂಬಾಲಿಸಿತು. ಈಗ ಉಪವಾಸ ಒಂದೇ ಗಂಟೆ. 1964ರಿಂದ ಹಾಗೆ. ಮೊಮ್ಮಗಳು ಲೆಕ್ಕ ಹಾಕಿ, ಮನೆಯಿಂದ ಹೊರಡುವ ಮುಂಚೆ ದೋಸೆ ತಿಂದರೂ ಪರಮಪ್ರಸಾದದ ಹೊತ್ತಿಗೆ ಗಂಟೆ ಮೀರಿರುತ್ತದೆ ಎಂದು ಸಾಬೀತು ಮಾಡಿದಳು. ಲೆಕ್ಕ ಸರಿಯಾಗಿಯೇ ಇತ್ತು. ನನಗೆ ಮಾತ್ರ ಯಾಕೋ ಹೊಟ್ಟೆಕಿಚ್ಚಾಯಿತು. ಅಷ್ಟೊಂದು ಹೆದರಿದ್ದು ದಂಡವಾಯಿತಲ್ಲ!

ಏಳೆಂಟು ವರ್ಷಕ್ಕೇ ಪರಮಪ್ರಸಾದ ಕೊಡುವುದು ಅನಾದಿಯಿಂದ ಬಂದದ್ದೇನಲ್ಲ. ಹಿಂದೆ ಹತ್ತು ಹನ್ನೆರಡು, ಕೆಲವು ಕಡೆ ಹದಿನಾಲ್ಕು ವರ್ಷದವರೆಗೂ ಕಾಯಿಸುತ್ತಿದ್ದರು. 1910ರ ಆಗಸ್ಟಿನಲ್ಲಿ ಹತ್ತನೆಯ ಪಿಯುಸ್ ಪೋಪರು ಅದನ್ನು ಸುಮಾರು ಏಳಕ್ಕೆ ಇಳಿಸಿದರು. ರಿಯೆಸೆ ಎಂಬ ಹಳ್ಳಿಯಲ್ಲಿ ಅಂಚೆಯವನ ಮಗನಾಗಿ ಹುಟ್ಟಿದವರು ಅವರು. ಕಾಗದ ಬೇಗ ತಲುಪಬೇಕೆಂಬ ಆತುರ ರಕ್ತದಲ್ಲೇ ಇದ್ದಿರಬಹುದು. ಏಳು ಎಂದರೆ ವಿವೇಚನೆ ಮೂಡುವ ವಯಸ್ಸಂತೆ. ಈ ರೊಟ್ಟಿ ಬೇರೆ, ಮನೆಯ ರೊಟ್ಟಿ ಬೇರೆ ಎಂದು ಮಗುವಿಗೆ ತಿಳಿದರೆ ಸಾಕು, ದೊಡ್ಡ ಶಾಸ್ತ್ರ ಬೇಡ ಎಂದರು ಅವರು. ನನ್ನ ವಿವೇಚನೆ ಮೂಡಿದೆಯೇ ಇಲ್ಲವೇ ಎಂಬ ಬಗ್ಗೆ ನನ್ನಾಕೆಗೆ ಇನ್ನೂ ಅನುಮಾನವಿದೆ.

ರೊಟ್ಟಿಯ ಮಾತು ಬಂತು. ರಾಗಿ ನಾಡಿನವರು ನಾವು; ಆದರೆ ಪೂಜೆಯ ರೊಟ್ಟಿಗೆ ಗೋಧಿಯೇ ಆಗಬೇಕು. ಗೋಧಿಹಿಟ್ಟು, ನೀರು, ಅಷ್ಟೆ. ಉಪ್ಪಿಲ್ಲ, ಹುಳಿ ಇಲ್ಲ. ಕಾದ ಎರಡು ಕಬ್ಬಿಣದ ಹಲಗೆಗಳ ನಡುವೆ ತೆಳ್ಳಗೆ ಒತ್ತಿ ಬೇಯಿಸುತ್ತಾರೆ. ನನ್ನ ಬಾಲ್ಯದಲ್ಲಿ ಗೋಧಿಯ ದರ್ಶನ ಆಗುತ್ತಿದ್ದದ್ದು ಚರ್ಚಿನಲ್ಲಿ, ಇಲ್ಲವೇ ಜ್ವರ ಬಂದಾಗ. ಅದನ್ನು ಹಲ್ಲಿಗೆ ತಾಗಿಸಬಾರದು, ಕಚ್ಚಿದರೆ ಬಾಯಲ್ಲಿ ರಕ್ತ ಬರುತ್ತದೆ ಎಂದು ಅಜ್ಜಿ ಹೆದರಿಸಿದ್ದಳು. ಈ ಕಥೆಯನ್ನು ನಗುತ್ತಲೇ ಮೊಮ್ಮಗಳಿಗೆ ಹೇಳಿದೆ. ಜಗಿದರೂ ಪರವಾಗಿಲ್ಲ ಎಂದು ಸಿಸ್ಟರ್ ಹೇಳಿದ್ದಾರೆ ಎಂದು ಅವಳೂ ನಕ್ಕಳು. ಅಭ್ಯಾಸಕ್ಕೆಂದು ಮಂತ್ರಿಸದ ರೊಟ್ಟಿಯನ್ನು ಮಕ್ಕಳಿಗೆ ಕೊಟ್ಟಿದ್ದರಂತೆ. "ಹೇಗಿತ್ತು?" ಎಂದೆ. "ಐಸ್‌ಕ್ರೀಂ ಕೋನ್ ಥರಾನೇ ತಾತ, ಸಕ್ಕರೆ ಹಾಕೋಕೆ ಮರೆತಿದಾರೆ."

ಎಡಗೈಯನ್ನು ಬಲಗೈಯ ಮೇಲಿಟ್ಟು ಅದರಲ್ಲಿ ಸ್ವೀಕರಿಸಿ, ಬಲಗೈಯಿಂದ ಎತ್ತಿ ಬಾಯಿಗೆ ಹಾಕಿಕೊಳ್ಳಬೇಕು ಎಂದು ಹೇಳಿಕೊಟ್ಟಿದ್ದರು. ಮನೆಯಲ್ಲಿ ಬಾಳೆಕಾಯಿ ಚಿಪ್ಸ್ ಇಟ್ಟುಕೊಂಡು ಇದರ ತಾಲೀಮು ನಡೆಯುವಾಗ ಎದುರುಮನೆಯ ಅಜ್ಜಿ ಕರಿಬೇವಿಗೆಂದು ಬಂದರು. "ಅಯ್ಯೋ ಕಂದ, ಪ್ರಸಾದಾನ ಯಾರಾದ್ರೂ ಎಡಗೈಲಿ ತಗೋತಾರಾ?" ನನ್ನಾಕೆಗೆ ಇದು ಸರಿಯೆನಿಸಿ, ಮೊಮ್ಮಗಳಿಗೆ ನಾಲಿಗೆಯ ಮೇಲೇ ಸ್ವೀಕರಿಸಲು ಅಪ್ಪಣೆಯಾಯಿತು. ಎದುರುಮನೆಯ ಅಜ್ಜಿಗೆ ಈ ಇಡೀ ಸಮಾರಂಭ ಉಪನಯನದಂತೆಯೇ ಕಂಡಿತ್ತು. ಎಂಟು ವರ್ಷ, ಬಿಳಿ ಬಟ್ಟೆ, ಹೊಸ ಮಂತ್ರ, ತಪ್ಪೇನೂ ಇಲ್ಲ. ಹೋಗುವಾಗ, "ನಮಗೂ ಸ್ವಲ್ಪ ಪ್ರಸಾದ ತಂದುಕೊಡಿ" ಎಂದರು.

ಇದು ಕಷ್ಟದ ಮಾತು. ಅವರ ಮನೆಯ ಸತ್ಯನಾರಾಯಣ ಪೂಜೆಯ ಸಜ್ಜಿಗೆ ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಬರುತ್ತಿದೆ. ನಮ್ಮ ಪ್ರಸಾದವನ್ನು ಹಾಗೆ ಡಬ್ಬಿಯಲ್ಲಿ ತರುವಂತಿಲ್ಲ, ಹಂಚುವಂತಿಲ್ಲ. ಮೊಮ್ಮಗಳು ಯಾಕೆ ಎಂದಳು. ಅದಕ್ಕೆ ತಯಾರಿ ಬೇಕು, ಪಾಠ ಕಲಿಯಬೇಕು ಎಂದೇನೋ ಹೇಳಿದೆ. "ಹಾಗಾದ್ರೆ ಅಜ್ಜೀನೂ ನನ್ ಜೊತೆ ಕ್ಲಾಸಿಗೆ ಬರಲಿ" ಎಂದಳು. ದೇವಶಾಸ್ತ್ರಜ್ಞರು ಇದಕ್ಕೆ ಉತ್ತರ ಕೊಡಬಲ್ಲರು. ನಾನು ಅಜ್ಜಿಗೆ ಕೇಕು ಕೊಟ್ಟುಬರೋಣ ಎಂದು ಮಾತು ತಿರುಗಿಸಿದೆ.

ಫ್ರಾಕಿನ ವಿಷಯ ಉದ್ದ ಬೆಳೆಸುವುದಿಲ್ಲ. ಸೊಸೆ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿಗೆ ಎರಡು ಸಲ ಹೋಗಿಬಂದಳು. ಗ್ಲೌಸು, ಮುಸುಕು, ಪ್ಲಾಸ್ಟಿಕ್ ಕಿರೀಟ ಬಂದವು. ಕಿರೀಟ ತಲೆಗೆ ಚುಚ್ಚುತ್ತದೆ ಎಂದು ಮಗು ಅಳುವುದನ್ನೇ ಕಾಯುತ್ತಿದ್ದ ನನ್ನಾಕೆ ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಮೊಳಗಟ್ಟಲೆ ಮಲ್ಲಿಗೆ ತಂದು ತಾನೇ ಒಂದು ಕಿರೀಟ ಕಟ್ಟಿದಳು. ನನ್ನ ಮೊದಲ ಪರಮಪ್ರಸಾದಕ್ಕೆ ಅಣ್ಣನ ಅಂಗಿಗೆ ನೀಲಿ ಹಾಕಿ ಒಗೆದಿದ್ದರು. ನೀಲಿ ಹೆಚ್ಚಾಗಿ, ಹದಿಮೂರು ಬಿಳಿ ಮಕ್ಕಳ ಸಾಲಿನಲ್ಲಿ ನಾನೊಬ್ಬ ಆಕಾಶದ ತುಂಡಿನಂತೆ ನಿಂತಿದ್ದೆನಂತೆ. ಫೋಟೋ ಇಲ್ಲ, ಬದುಕಿದೆ.

ಆ ಭಾನುವಾರ ಅವಳು ಮೇಣದಬತ್ತಿ ಹಿಡಿದು ನಡೆದುಹೋದಳು. ಮುಂದಿನವರ ತಲೆ ಅಡ್ಡ ಬಂದು ನನಗೆ ಸರಿಯಾಗಿ ಕಾಣಲಿಲ್ಲ. ವಾಪಸ್ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಮೊಣಕಾಲೂರಿ ಬಹಳ ಹೊತ್ತು ಕಣ್ಣು ಮುಚ್ಚಿದಳು. ಇಮೆಲ್ಡಾ ನೆನಪಾಗಿ ನಾನು ಒಂದು ಕ್ಷಣ ಬೆದರಿ ಭುಜ ಮುಟ್ಟಿದೆ. ಒಂದು ಕಣ್ಣು ತೆರೆದು ಪಿಸುಗುಟ್ಟಿದಳು: "ಅಂಗುಳಕ್ಕೆ ಅಂಟಿಕೊಂಡಿತ್ತು ತಾತ. ನಾಲಿಗೇಲಿ ಬಿಡಿಸ್ತಾ ಇದೀನಿ. ಹಲ್ಲಿಗೆ ತಾಗಿಸಲಿಲ್ಲ."

ಶನಿವಾರದ ಸಂಗತಿ ಹೇಳುವುದು ಬಿಟ್ಟೆ. ಅವತ್ತು ಚರ್ಚಿನಲ್ಲಿ ಮಕ್ಕಳ ಸಾಲು, ಎಲ್ಲರ ಕೈಯಲ್ಲೂ ಬೆವರಿನಲ್ಲಿ ಒದ್ದೆಯಾದ ಚೀಟಿ. ಇವಳು ಒಳಗೆ ಹೋದಳು, ಮೂರು ನಿಮಿಷಕ್ಕೆ ಹೊರಗೆ ಬಂದಳು, ಚೀಟಿಯನ್ನು ಚೂರುಚೂರು ಮಾಡಿ ಜೇಬಿಗೆ ಹಾಕಿಕೊಂಡಳು. "ಹಾಲಿನದು ಹೇಳಿದೆಯಾ?" ಎಂದು ಮೆಲ್ಲಗೆ ಕೇಳಿದೆ. "ಅದೆಲ್ಲ ಹೇಳಬಾರದು ತಾತ" ಎಂದಳು. ಹುಟ್ಟಿದಾಗಿನಿಂದ ಹೊಟ್ಟೆ ಕೆಟ್ಟದ್ದನ್ನೂ ಬೀದಿಗೆಲ್ಲ ಸಾರಿ ಹೇಳಿದ ಹುಡುಗಿ ಅವಳು. ನಿಜಕ್ಕೂ ಗುಟ್ಟು ಕಾಯಬೇಕಾದವರು ಸ್ವಾಮಿಗಳು. ಪ್ರಾಣ ಹೋದರೂ ಅವರು ಬಾಯಿ ಬಿಡುವಂತಿಲ್ಲ. ಹೇಳಿಕೊಂಡವರಿಗೆ ಆ ಕಟ್ಟಿಲ್ಲ. ಇದನ್ನು ಅವಳಿಗೆ ತಿಳಿಸುವ ಮನಸ್ಸು ನನಗೂ ಬರಲಿಲ್ಲ.

ಮನೆಯ ಹಿರಿಯರೂ ಪಾಪನಿವೇದನೆ ಮಾಡಿದರೆ ಒಳ್ಳೆಯದು ಎಂದು ಸಿಸ್ಟರ್ ಹೇಳಿದ್ದರು. ವರ್ಷಕ್ಕೊಮ್ಮೆಯಾದರೂ ಮಾಡಬೇಕೆಂದು 1215ರ ಲಾತೆರಾನ್ ಮಹಾಸಭೆ ಗೊತ್ತು ಮಾಡಿದೆ. ನನ್ನ ಬಾಕಿ ಸ್ವಲ್ಪ ಬೆಳೆದಿತ್ತು. ಮಕ್ಕಳ ಸಾಲು ಮುಗಿದ ಮೇಲೆ ಹೋಗಿ ಜಾಲರಿಯ ಮುಂದೆ ಮೊಣಕಾಲೂರಿದೆ. ಎಲ್ಲಕ್ಕಿಂತ ಮೊದಲು ಆರನೇ ಕಟ್ಟಳೆಯ ವಿಷಯದಲ್ಲಿ ಒಂದು ಮಗುವಿಗೆ ಸುಳ್ಳು ಹೇಳಿದ್ದೇನೆ ಎಂದೆ. ಹಾಲು, ನೀರು ಎನ್ನುವಷ್ಟರಲ್ಲಿ ಜಾಲರಿಯ ಆಚೆ ಸ್ವಾಮಿಗಳಿಗೆ ಜೋರಾಗಿ ಕೆಮ್ಮು ಬಂತು, ಬಹಳ ಹೊತ್ತು ನಿಲ್ಲಲಿಲ್ಲ. ಆಮೇಲೆ ಅವರು ಏನು ಹೇಳಿದರು ಎಂದು ದಯವಿಟ್ಟು ಕೇಳಬೇಡಿ. ಪ್ರಾಯಶ್ಚಿತ್ತಕ್ಕೆ ಐದು ನಮೋ ಮರಿಯ ಜಪ ಕೊಟ್ಟರು.

ಮೊಮ್ಮಗಳಿಗೆ ಎರಡೇ ಅಂತೆ.