ಒದ್ದರೆ ಹಾಡುವ ವಾದ್ಯ

ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ವೀಣೆಯನ್ನು ದಾಟಿದರೆ ಅಜ್ಜಿಯಿಂದ ಬೈಗುಳ. ತಂಬೂರಿಯ ಕಡೆ ಕಾಲು ಚಾಚಿ ಮಲಗಿದರಂತೂ ಸರಸ್ವತಿ ಬಾಗಿಲಿಂದಲೇ ವಾಪಸು. ಇಂಥ ಮನೆತನದಲ್ಲಿ ಹುಟ್ಟಿ ಬೆಳೆದ ನನ್ನ ಭಾವ ಈಗ ಅಮೆರಿಕದ ಟೆನೆಸಿಯಲ್ಲಿ ಕೂತು, ದಿನಾ ಸಂಜೆ ಕಾಫಿ ಕುಡಿದು, ಕೈಕಾಲು ತೊಳೆದು, ಭಕ್ತಿಯಿಂದ ಒಂದು ವಾದ್ಯವನ್ನು ಒದೆಯುತ್ತಾರೆ. ಒದೆತ ಸಾಲದು ಅಂತ ಎರಡೂ ಮೊಣಕಾಲಿಂದ ತಿವಿಯುತ್ತಾರೆ. ವಾದ್ಯದ ಹೆಸರು ಪೆಡಲ್ ಸ್ಟೀಲ್ ಗಿಟಾರ್.

ಗಿಟಾರ್ ಅಂದ ತಕ್ಷಣ ಕಾಲೇಜು ಹುಡುಗನ ಹೆಗಲಲ್ಲಿ ನೇತಾಡುವುದು ನೆನಪಾದರೆ ಅದನ್ನು ಮರೆತುಬಿಡಿ. ಇದು ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ. ಮೇಲೆ ಹತ್ತು ತಂತಿ, ಕೆಳಗೆ ಪೆಡಲುಗಳು, ನಡುವೆ ಸರಳುಗಳ ಕಾಡು. ಮುಂದೆ ಕೂತ ಭಾವನನ್ನು ಅಡುಗೆಮನೆ ಬಾಗಿಲಿಂದ ನೋಡಿದರೆ ಗುಂಡಿ ಮಗ್ಗಕ್ಕೆ ಕೂತ ನೇಕಾರರೇ ಸರಿ. ಸೀರೆ ಮಾತ್ರ ಹೊರಗೆ ಬರುವುದಿಲ್ಲ. ಎಡಗೈಯಲ್ಲಿ ಉಕ್ಕಿನ ದುಂಡನೆಯ ಬಾರ್, ತಂತಿಗಳ ಮೇಲೆ ಜಾರಿಸಲಿಕ್ಕೆ. ಬಲಗೈಯ ಹೆಬ್ಬೆರಳಿಗೆ ಮತ್ತು ಎರಡು ಬೆರಳಿಗೆ ಪಿಕ್ಕು. ಎಡಗಾಲು ಶ್ರುತಿ ಬದಲಿಸುವ ಪೆಡಲುಗಳ ಮೇಲೆ, ಬಲಗಾಲು ಸದ್ದು ಏರಿಳಿಸುವ ಪೆಡಲಿನ ಮೇಲೆ. ಮೊಣಕಾಲುಗಳ ಅಕ್ಕಪಕ್ಕ ಲಿವರುಗಳು. ದೇವರು ಕೊಟ್ಟ ಅಂಗಗಳಲ್ಲಿ ಬಿಡುವಾಗಿರುವುದು ಬಾಯಿ ಒಂದೇ. ಅದನ್ನು ಭಾವ ವಾದ್ಯದ ಗುಣಗಾನಕ್ಕೆ ಮೀಸಲಿಟ್ಟಿದ್ದಾರೆ.

ಒದ್ದರೆ ಆಗುವುದೇನು? 'ಇ ನೈನ್ತ್' ಎಂಬ ಹೆಸರಿನ ಶ್ರುತಿ ಕೂಡಿಸಿದ ವಾದ್ಯ ಅಂತಿಟ್ಟುಕೊಳ್ಳಿ. ಇ ಸ್ವರವೇ ನಮ್ಮ ಷಡ್ಜ. ಸ, ಗ, ಪ ಮೂರನ್ನೂ ಒಟ್ಟಿಗೆ ಮೀಟಿ, ಬಾರ್ ಅಲ್ಲಾಡಿಸದೆ ಎ ಪೆಡಲ್ ಒತ್ತಿ. ಪಂಚಮದ ತಂತಿ ಬಿಗಿಯಾಗಿ ಧೈವತಕ್ಕೆ ಏರುತ್ತದೆ. ಬಿ ಪೆಡಲನ್ನೂ ಒತ್ತಿದರೆ ಗಾಂಧಾರ ಮಧ್ಯಮವಾಗುತ್ತದೆ. ಷಡ್ಜ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಅಂತ ಕೂತಲ್ಲೇ ಕೂತಿರುತ್ತದೆ. ಒಂದು ಸ್ವರ ನಿಂತಿರುವಾಗ ಅದರ ಪಕ್ಕದ ಇನ್ನೆರಡು ಅಳುತ್ತಾ ಮೇಲೇರುವ ಆ ಸದ್ದಿದೆಯಲ್ಲ, ಅಮೆರಿಕದ ಕಂಟ್ರಿ ಸಂಗೀತದ ಅರ್ಧ ಕಣ್ಣೀರು ಅಲ್ಲಿಂದಲೇ ಬಂದದ್ದು. ನಮ್ಮ ಶಾಸ್ತ್ರ ಷಡ್ಜ ಪಂಚಮಗಳನ್ನು ಅಚಲ ಸ್ವರ ಅಂದಿದೆ. ಪಂಚಮದ ಈ ಗತಿಯನ್ನು ಮೊದಲ ಸಲ ಕೇಳಿದಾಗ, ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಮುಗಿಸಿದ ನಮ್ಮಕ್ಕ ಹೇಳಿದ್ದು ಇಷ್ಟೇ: "ಪಾಪ, ಅದೇನು ಮಾಡಿತ್ತು ಅಂತ ಒದೀತೀರಿ?"

ಈ ತಂತಿಯ ಮೇಲೆ ಉಕ್ಕು ಜಾರಿಸುವ ವಿದ್ಯೆ ಹವಾಯಿಯದು. ಓಆಹು ದ್ವೀಪದ ಲಾಯೆ ಎಂಬ ಊರಿನಲ್ಲಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಶಾಲಾ ಹುಡುಗನಾಗಿದ್ದಾಗಲೇ ಇದನ್ನು ರೂಢಿಸಿದ ಅನ್ನುತ್ತಾರೆ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿಯವರು ನುಡಿಸಿದ್ದೇ ತಡ, ಅಮೆರಿಕಕ್ಕೆ ಇದರ ಹುಚ್ಚು ಹತ್ತಿತು. ಕೆಕುಕುವಿಗಿಂತ ಮುಂಚೆಯೇ ಗೇಬ್ರಿಯಲ್ ಡೇವಿಯನ್ ಎಂಬ ಭಾರತ ಮೂಲದ ನಾವಿಕನೊಬ್ಬ ಹವಾಯಿಯಲ್ಲಿ ಹೀಗೆ ನುಡಿಸುತ್ತಿದ್ದ ಎಂಬ ಮಾತೂ ಉಂಟು. ಇದನ್ನು ಭಾವನ ಎದುರು ಹೇಳಬೇಡಿ. ಹೇಳಿದರೆ ತಂತಿಯ ಮೇಲೆ ಜಾರಿಸಿ ನುಡಿಸುವ ನಮ್ಮ ಗೋಟುವಾದ್ಯ, ವಿಚಿತ್ರವೀಣೆ ಎಲ್ಲ ಸಾಲಾಗಿ ಬಂದು, ಪುಷ್ಪಕ ವಿಮಾನದವರೆಗೂ ಮಾತು ಹೋಗಿ, ಸಾರು ಆರಿಹೋಗುತ್ತದೆ.

ಹಾಗಂತ ನಮಗೆ ಈ ದನಿ ಹೊಸದೇನಲ್ಲ. ರೇಡಿಯೋ ಕಾಲದವರಿಗೆ ಗೊತ್ತು, ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಸಿನಿಮಾ ಹಾಡಿನ ಧಾಟಿಯೊಂದು ಹವಾಯಿಯನ್ ಗಿಟಾರಿನಲ್ಲಿ ಜಾರಿಕೊಂಡು ಬರುತ್ತಿತ್ತು. ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲೇ ರಾಗ ಬಿಡಿಸಿದರು; 1967ರ 'ಕಾಲ್ ಆಫ್ ದಿ ವ್ಯಾಲಿ' ಧ್ವನಿಮುದ್ರಿಕೆಯಲ್ಲಿ ಶಿವಕುಮಾರ ಶರ್ಮ, ಹರಿಪ್ರಸಾದ ಚೌರಾಸಿಯಾ ಅವರ ಜೊತೆಗಿರುವುದು ಕಾಬ್ರಾ ಅವರ ಗಿಟಾರೇ. ವಿಶ್ವಮೋಹನ ಭಟ್ಟರು ಗಿಟಾರನ್ನು ಮೋಹನವೀಣೆ ಮಾಡಿಕೊಂಡು 1994ರಲ್ಲಿ ಗ್ರಾಮಿ ತಂದರು. ಇಷ್ಟೆಲ್ಲ ಮಾಡಿದವರು ಕಾಲನ್ನು ಮಾತ್ರ ಮಡಚಿಕೊಂಡೇ ಕೂತರು ನೋಡಿ. ನಮ್ಮಲ್ಲಿ ವಾದ್ಯಕ್ಕೆ ಕಾಲು ಕೊಟ್ಟದ್ದು ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ಮಾಸ್ತರರು. ಅವರೂ ಗಾಳಿ ಊದಲಿಕ್ಕೆ ಕೊಟ್ಟರೇ ಹೊರತು ಸ್ವರ ಬದಲಿಸಲಿಕ್ಕಲ್ಲ.

ಆ ಕೆಲಸಕ್ಕೆ ಟೆನೆಸಿಯಲ್ಲಿರುವ ಕಂಟ್ರಿ ಸಂಗೀತದ ತವರೂರು ನ್ಯಾಶ್‌ವಿಲ್ ಬೇಕಾಯಿತು. ಪೆಡಲಿದ್ದ ವಾದ್ಯಗಳು ಮುಂಚೆಯೂ ಇದ್ದವು. ಒಂದು ಶ್ರುತಿಯಿಂದ ಇನ್ನೊಂದಕ್ಕೆ ಹೋಗಲಿಕ್ಕೆ ಗೇರು ಬದಲಿಸಿದಂತೆ ಒತ್ತಿ ಬಿಡುತ್ತಿದ್ದರು. ವೆಬ್ ಪಿಯರ್ಸ್ ಹಾಡಿದ 'ಸ್ಲೋಲಿ' 1954ರಲ್ಲಿ ಮನೆಮಾತಾಯಿತು. ಅದರಲ್ಲಿ ಸ್ಟೀಲ್ ವಾದಕ ಬಡ್ ಐಸಾಕ್ಸ್ ತಂತಿ ಇನ್ನೂ ಮಿಡಿಯುತ್ತಿರುವಾಗಲೇ ಪೆಡಲ್ ಒತ್ತಿಬಿಟ್ಟರು. ಊರೂರಿನ ಸ್ಟೀಲ್ ವಾದಕರು ರೇಡಿಯೋ ಮುಂದೆ ಕೂತು ತಲೆ ಕೆರೆದುಕೊಂಡರು. ಆಮೇಲೆ ಎದ್ದು ಗ್ಯಾರೇಜಿಗೆ ಹೋಗಿ ತಮ್ಮ ತಮ್ಮ ಗಿಟಾರುಗಳಿಗೆ ಪೆಡಲ್ ಕಟ್ಟಲು ಶುರುಮಾಡಿದರು. ಶಾಟ್ ಜ್ಯಾಕ್ಸನ್ ಮತ್ತು ಬಡ್ಡಿ ಎಮನ್ಸ್ ಎಂಬ ಇಬ್ಬರು ವಾದಕರ ಹೆಸರೂ ಸೇರಿ, ಈ ವಾದ್ಯ ತಯಾರಿಸುವ ಷೋ-ಬಡ್ ಕಂಪನಿಯಾಯಿತು. ಎಮನ್ಸ್ 1963ರಲ್ಲಿ ತಮ್ಮದೇ ಕಂಪನಿ ತೆರೆದರು. ಪೆಡಲುಗಳು ಎಡದಿಂದ ಎ, ಬಿ, ಸಿ ಇರಬೇಕೋ, ತಿರುಗುಮುರುಗಾಗಿ ಸಿ, ಬಿ, ಎ ಇರಬೇಕೋ ಎಂಬ ವಿಷಯದಲ್ಲಿ ಇವತ್ತಿಗೂ ಎರಡು ಮತ. ಮೊದಲನೆಯದು ಎಮನ್ಸರ ಮತ, ಎರಡನೆಯದು ಜಿಮ್ಮಿ ಡೇ ಎಂಬ ಇನ್ನೊಬ್ಬ ವಾದಕರದು. ಭಾವ ಎಮನ್ಸ್ ಮತಸ್ಥರು. ಆ ಕಡೆಯವರ ಮನೆಗೆ ಊಟಕ್ಕೆ ಹೋಗುತ್ತಾರೆ, ವಾದ್ಯ ಮುಟ್ಟುವುದಿಲ್ಲ.

ಈ ವಾದ್ಯ ಯಾರಿಗೆ ಹಿಡಿಸುತ್ತದೆ? ನನ್ನ ಅನುಮಾನ, ಸಂಗೀತದ ಹಸಿವಿರುವವರಿಗಿಂತ ಸ್ಪ್ಯಾನರಿನ ಹಸಿವಿರುವವರಿಗೆ. ಭಾವ ಮೆಕ್ಯಾನಿಕಲ್ ಇಂಜಿನಿಯರು. ಮೊದಲೇ ಕೆಟ್ಟಿರಲಿ ಅಂತ ಹಾರೈಸುತ್ತಾ ಮಿಕ್ಸಿ ತೆರೆಯುವ ಜಾತಿ. ಅವರ ಮುಂದೆ ಸರಳು, ಕೊಕ್ಕೆ, ಸ್ಪ್ರಿಂಗು, ತಿರುಪು ತುಂಬಿದ ಪದಾರ್ಥ ಇಟ್ಟು ಇದು ಸಂಗೀತ ಅಂದರೆ ಬಿಡುತ್ತಾರೆಯೇ? ಒಂದು ಗಂಟೆ ಅಭ್ಯಾಸ ಅಂದರೆ, ಮುಕ್ಕಾಲು ಗಂಟೆ ವಾದ್ಯದ ಕೆಳಗೆ ಟಾರ್ಚು ಹಿಡಿದು ಅಂಗಾತ ಮಲಗಿರುವುದು. ಉಳಿದ ಕಾಲು ಗಂಟೆಯಲ್ಲಿ ಮೂರನೆಯ ತಂತಿ ಹರಿಯುತ್ತದೆ. ಹತ್ತರಲ್ಲಿ ತೀರಾ ಸಪೂರದ್ದು ಅದು, ಅಂಗುಲದ ಸಾವಿರದಲ್ಲಿ 11 ಭಾಗ ದಪ್ಪ. ಬಿ ಪೆಡಲ್ ಒತ್ತಿದಾಗಲೆಲ್ಲ ಚೇಂಜರ್ ಎಂಬ ಲೋಹದ ಬೆರಳಿನ ಮೇಲೆ ಅದೇ ಜಾಗದಲ್ಲಿ ಬಗ್ಗಿ ಬಗ್ಗಿ ಕೊನೆಗೆ ಜೀವ ಬಿಡುತ್ತದೆ. ಡ್ರಾಯರ್ ತುಂಬ ಮೂರನೆಯ ತಂತಿಯದೇ ಪೊಟ್ಟಣ. ಅಕ್ಕನಿಗೆ ಜೀರಿಗೆ ಡಬ್ಬ ಇಡಲು ಜಾಗವಿಲ್ಲ.

ಶ್ರುತಿಯ ಜಗಳ ಬೇರೆ. ಭಾವ ಯಂತ್ರ ನಂಬುವವರು; ಟ್ಯೂನರಿನ ಮುಳ್ಳು ನಟ್ಟನಡುವೆ ನಿಂತರೆ ಅವರ ಲೋಕ ಕ್ಷೇಮ. ಎಲ್ಲ ತಂತಿಗೂ ಮುಳ್ಳು ನಿಲ್ಲಿಸಿ ಹೆಮ್ಮೆಯಿಂದ ಮೀಟಿದರೆ ಒಳಗಿನಿಂದ ಅಕ್ಕ ಕೂಗುತ್ತಾಳೆ: "ಗಾಂಧಾರ ಏರಿದೆ." ಅದು ಏರಿರುವುದು ನಿಜ. ಪಿಯಾನೋ ಲೆಕ್ಕದ ಗಾಂಧಾರ ಸ್ವಾಭಾವಿಕ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. ನೂರು ಸೆಂಟ್ ಸೇರಿದರೆ ಒಂದು ಅರ್ಧಸ್ವರ. ಅದಕ್ಕೇ ಬಹಳ ಸ್ಟೀಲ್ ವಾದಕರು ಗಾಂಧಾರವನ್ನು ಯಂತ್ರ ಹೇಳಿದ್ದಕ್ಕಿಂತ ಕೊಂಚ ಇಳಿಸಿ ಕೂಡಿಸುತ್ತಾರೆ. ತಂಬೂರಿಯಲ್ಲಿ ತಾನಾಗಿ ಹುಟ್ಟುವ ಗಾಂಧಾರ ಕೇಳಿ ಬೆಳೆದ ಕಿವಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಈಗ ಶ್ರುತಿ ಮಾಡುವಾಗ ಭಾವ ತಿರುಪು ಹಿಡಿದು ಅಡುಗೆಮನೆ ಕಡೆ ನೋಡುತ್ತಾರೆ. ಅಕ್ಕ ಒಗ್ಗರಣೆ ಸೌಟು ಎತ್ತಿದರೆ ಸರಿಹೋಯಿತು ಅಂತ ಅರ್ಥ.

ದಿನಾ ಇಷ್ಟು ಒದೆಸಿಕೊಳ್ಳುವ ಈ ವಾದ್ಯಕ್ಕೆ ನಡೆಯುವ ಉಪಚಾರ ನೋಡಬೇಕು. ಬಾಣಂತಿಗೂ ಅಷ್ಟು ಮಾಡುವುದಿಲ್ಲ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಹಳೇ ಪಂಚೆಯ ತುಂಡಿನಿಂದ ಒರೆಸಬೇಕು, ಬೆವರು ನಿಂತರೆ ತುಕ್ಕು. ಚೇಂಜರಿಗೆ ಹೊಲಿಗೆ ಮೆಷಿನ್ ಎಣ್ಣೆ, ಅದೂ ಸೂಜಿ ತುದಿಯಲ್ಲಿ ನಿಲ್ಲುವಷ್ಟು. ಹೆಚ್ಚು ಹಾಕಿದರೆ ಧೂಳು ಕಚ್ಚಿಕೊಂಡು ಒಳಗೆಲ್ಲ ಜಿಡ್ಡು. ಬಾರ್ ಕೈಜಾರಿ ನೆಲಕ್ಕೆ ಬಿದ್ದು ಒಂದು ನೆಗ್ಗು ಬಿದ್ದರೂ ಮುಗಿಯಿತು, ಜಾರುವಾಗಲೆಲ್ಲ ತಂತಿ ಗರ್ ಅನ್ನುತ್ತದೆ. ಅದು ದುಂಡಗಿರುವುದರಿಂದ ಮೇಜಿನ ಮೇಲಿಟ್ಟರೆ ಉರುಳದೆ ಇರುವುದಿಲ್ಲ. ಆದ್ದರಿಂದ ಅದಕ್ಕೊಂದು ಹಾಸಿಗೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡುವಂತಿಲ್ಲ. ಬಿಸಿಗೆ ಮರವೂ ಲೋಹವೂ ಬೇರೆ ಬೇರೆ ಲೆಕ್ಕದಲ್ಲಿ ಹಿಗ್ಗಿ ಶ್ರುತಿ ದಿಕ್ಕಾಪಾಲು. ಚಳಿಯಲ್ಲಿ ಹೊರಗಿನಿಂದ ತಂದ ಕೂಡಲೇ ನುಡಿಸುವಂತಿಲ್ಲ, ಮನೆಯ ಹವೆಗೆ ಹೊಂದಿಕೊಳ್ಳಲು ಪುರುಸೊತ್ತು ಕೊಡಬೇಕು. ಕಳ್ಳರ ಭಯಕ್ಕೆ ಸೀರಿಯಲ್ ನಂಬರಿನ ಫೋಟೋ, ಬೇರೆ ವಿಮೆ. ಕದ್ದವನು ಅದನ್ನು ಜೋಡಿಸಲಿಕ್ಕೆ ಬರದೆ ಅವನೇ ವಾಪಸು ತಂದಿಟ್ಟು ಹೋಗುತ್ತಾನೆ ಅಂತ ಅಕ್ಕ ಧೈರ್ಯ ಹೇಳಿದ್ದಾಳೆ.

ಅವಳು ಹೇಳುವುದರಲ್ಲಿ ಹುರುಳಿದೆ. ಪೆಟ್ಟಿಗೆ ತೆರೆದರೆ ವಾದ್ಯ ಬೋರಲು ಮಲಗಿರುತ್ತದೆ, ತಂತಿ ಕೆಳಗೆ, ಯಂತ್ರ ಮೇಲೆ. ಆ ಸ್ಥಿತಿಯಲ್ಲೇ ನಾಲ್ಕು ಕಾಲು ತಿರುಪಿ, ಪೆಡಲಿನ ಪಟ್ಟಿ ಸಿಕ್ಕಿಸಿ, ಒಂದೊಂದು ಸರಳನ್ನೂ ಅದರದರ ಕೊಕ್ಕೆಗೆ ಹಾಕಿ, ಆಮೇಲೆ ಸೊಂಟ ಹಿಡಿದುಕೊಂಡು ಮಗುಚಬೇಕು. ಸರಳು ಅದಲುಬದಲಾದರೆ ಪಂಚಮ ಒದ್ದಲ್ಲಿ ಗಾಂಧಾರ ಕಿರುಚುತ್ತದೆ.

ಇಷ್ಟು ಕಾವಲು ಯಾಕೆ ಅಂತ ನಕ್ಕವರಿಗೆ ಭಾವ 2010ರ ಮೇ ತಿಂಗಳ ಕಥೆ ಹೇಳುತ್ತಾರೆ. ಎರಡು ದಿನದಲ್ಲಿ ನ್ಯಾಶ್‌ವಿಲ್‌ನಲ್ಲಿ 13 ಅಂಗುಲಕ್ಕೂ ಹೆಚ್ಚು ಮಳೆ ಸುರಿದು ಕಂಬರ್‌ಲ್ಯಾಂಡ್ ನದಿ ಊರೊಳಗೆ ಬಂತು. ನದಿಯ ಪಕ್ಕದಲ್ಲೇ ಸೌಂಡ್‌ಚೆಕ್ ಎಂಬ ದೊಡ್ಡ ಗೋದಾಮು, ಊರಿನ ಹೆಸರಾಂತ ಸಂಗೀತಗಾರರೆಲ್ಲ ಭದ್ರವಾಗಿರಲಿ ಅಂತಲೇ ವಾದ್ಯಗಳನ್ನು ಅಲ್ಲಿಡುತ್ತಿದ್ದರು. ಕೀತ್ ಅರ್ಬನ್, ಬ್ರ್ಯಾಡ್ ಪೇಸ್ಲಿ, ವಿನ್ಸ್ ಗಿಲ್ ಅವರಂಥವರ ಗಿಟಾರುಗಳೂ ಆಂಪ್ಲಿಫೈಯರುಗಳೂ ಕೆಸರು ನೀರು ಕುಡಿದವು. ಕಂಟ್ರಿ ಸಂಗೀತದ ಗರ್ಭಗುಡಿ ಅನ್ನಿಸಿಕೊಂಡ ಗ್ರ್ಯಾಂಡ್ ಓಲ್ ಓಪ್ರಿಯ ರಂಗಸ್ಥಳವೇ ಮುಳುಗಿತು. ಈ ಕಥೆ ಕೇಳಿದಾಗ ಮಾತ್ರ ನಾನೂ ಅಕ್ಕನೂ ಬಾಯಿ ಮುಚ್ಚಿಕೊಳ್ಳುತ್ತೇವೆ. ನುಡಿಸಿ ಮುಗಿದ ಮೇಲೆ ಭಾವನ ವಾದ್ಯದ ವಾಸ ಮಹಡಿಯ ಮೇಲೆ, ಹೊರಗೋಡೆಗೆ ತಾಗದ ಕೋಣೆಯಲ್ಲಿ. ನೆಲಮಾಳಿಗೆಯಲ್ಲಿ ಅಕ್ಕನ ಹಾರ್ಮೋನಿಯಂ ಇದೆ.

ಆಯುಧಪೂಜೆಯ ದಿನ ತಕರಾರು ಎದ್ದಿತು. ಪೆಡಲಿಗೂ ಕುಂಕುಮ ಹಚ್ಚಬೇಕು ಅಂತ ಭಾವ. ಕಾಲಿಡುವ ಜಾಗಕ್ಕೆ ಕುಂಕುಮವೇ ಅಂತ ಅಕ್ಕ. "ಕಾರಿನ ಬ್ರೇಕೂ ಕಾಲಲ್ಲೇ ಒತ್ತೋದಲ್ವೇನೇ?" ಅಂದರು ಭಾವ. ವಾದ ಗೆದ್ದರು. ಆದರೆ ಕುಂಕುಮ ಉದುರಿ ಚೇಂಜರಿನೊಳಗೆ ಹೋದೀತೆಂದು ಹೆದರಿ ಕೊನೆಗೆ ತಾವೇ ಬೇಡ ಅಂದರು.

ಈ ಸಲ ಡಿಸೆಂಬರಿಗೆ ಊರಿಗೆ ಬರುವಾಗ ವಾದ್ಯವನ್ನೂ ತರುವ ಯೋಚನೆ ನಡೆದಿದೆ. ಅಲ್ಲಿಯ 120 ವೋಲ್ಟಿನ ಆಂಪ್ಲಿಫೈಯರ್ ಇಲ್ಲಿಯ 230ಕ್ಕೆ ಸುಟ್ಟುಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಬೇಕು ಎಂಬುದು ಆಮೇಲಿನ ಮಾತು. ಮೊದಲು ವಿಮಾನದ ತೂಕ. ಮೊನ್ನೆ ವಿಡಿಯೋ ಕರೆಯಲ್ಲಿ ಭಾವ ಲೆಕ್ಕ ಒಪ್ಪಿಸಿದರು.

"ಒಂದು ಬ್ಯಾಗಿಗೆ 23 ಕೆಜಿ ಬಿಡ್ತಾರೆ ಕಣಯ್ಯ. ಪೆಟ್ಟಿಗೆ ಸೇರಿ ಸ್ವಲ್ಪ ಜಾಸ್ತಿ ಬರುತ್ತೆ. ನಾಲ್ಕು ಕಾಲು ಬಿಚ್ಚಿ ಬೇರೆ ಬ್ಯಾಗಿಗೆ ಹಾಕಿದ್ರೆ ಸರಿಹೋಗುತ್ತೆ."

"ಯಾರ ಬ್ಯಾಗಿಗೆ?" ಹಿಂದಿನಿಂದ ಅಕ್ಕನ ದನಿ.

ಭಾವ ತಂತಿ ಒರೆಸತೊಡಗಿದರು.

"ಆಗಲಿ ಬಿಡಿ, ಬಾದಾಮಿ, ಚಾಕಲೇಟು ಒಂದೂ ಬೇಡ. ಅತ್ತೆಗೊಂದು, ದೊಡ್ಡಪ್ಪನಿಗೊಂದು, ಪಕ್ಕದ ಮನೆಯವರಿಗೊಂದು, ಮನೆಮನೆಗೂ ಒಂದೊಂದು ಕಾಲು ಕೊಟ್ಟು ಬರೋಣ."

"ಕೊಡೋದು ಹೇಗೆ ಆಗುತ್ತೆ?" ಭಾವ ಗಾಬರಿಯಿಂದ ತಲೆಯೆತ್ತಿದರು. "ಒಂದೊಂದು ಕಾಲಿಗೂ ನಂಬರ್ ಹಾಕಿಟ್ಟಿದೀನಿ!"